ಕೈಗಡಿಯಾರದೊಳಗಿನ ದಾರಿ

ದುಪ್ಪಟಿಯ ಒಂದು ತುದಿ ಅತ್ತೆಯ ಕೈಯಲ್ಲಿತ್ತು, ಇನ್ನೊಂದು ಸೊಸೆಯ ಕೈಯಲ್ಲಿ. ಇಬ್ಬರೂ ತಾರಸಿಯ ಮೇಲೆ ಎದುರುಬದುರು ನಿಂತು ಹಿಂಡುತ್ತಿದ್ದರು. ಅತ್ತೆ ತನ್ನ ಬಲಕ್ಕೆ ತಿರುಚಿದರೆ ಸೊಸೆಯೂ ತನ್ನ ಬಲಕ್ಕೆ ತಿರುಚಬೇಕು. ಆ ದಿನ ಸೊಸೆ ಎಡಕ್ಕೆ ತಿರುಚುತ್ತಿದ್ದಳು. ದುಪ್ಪಟಿ ಸುಮ್ಮನೆ ಉರುಳಿತೇ ಹೊರತು ಒಂದು ತೊಟ್ಟು ನೀರು ಬೀಳಲಿಲ್ಲ.

"ಕೈ ಇಲ್ಲಿದೆ, ಮನಸ್ಸು ಬೆಟ್ಟದ ಮೇಲಿದೆ ನಿಂದು," ಎಂದಳು ಅತ್ತೆ. "ಆ ಕಾಗದ ಇನ್ನೂ ಕಳಿಸಿಲ್ಲ ಅಲ್ವಾ?"

ಸೊಸೆ ತಲೆಯಾಡಿಸಿದಳು. ಕಾಗದ ಬಂದು ಎರಡು ತಿಂಗಳಾಗಿತ್ತು. ಬೆಟ್ಟದ ಓಟದವರು ಈ ವರ್ಷವೂ ಬನ್ನಿ ಎಂದು ಕರೆದಿದ್ದರು. ಉತ್ತರ ಬರೆದು, ಲಕೋಟೆಗೆ ಅಂಚೆಚೀಟಿ ಹಚ್ಚಿ ಇಟ್ಟಾಗಿತ್ತು. ಒಂದೇ ಒಂದು ಸಹಿ ಬಾಕಿ. ಓಟದ ದಿನ ಮನೆಯಲ್ಲಿ ಫೋನಿನ ಹತ್ತಿರ ಕೂರುವವರು, ಓಟದ ದಾರಿ ತಿಳಿದವರು, ತಮ್ಮ ಕೈಯಾರೆ ಸಹಿ ಹಾಕಬೇಕು ಎಂಬುದು ಓಟದವರ ನಿಯಮ. ಅವಳ ಗಂಡ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆಯ ಕಣ್ಣಿಗೆ ಸೂಜಿಯ ಕಣ್ಣೇ ಕಾಣುವುದಿಲ್ಲ, ನಕ್ಷೆ ಎಲ್ಲಿ ಕಂಡೀತು? ಹಾಗಾಗಿ ಸಹಿ ಮಾವನದೇ ಆಗಬೇಕಿತ್ತು. ಕಾಗದ ಶನಿವಾರದೊಳಗೆ ತಲುಪದಿದ್ದರೆ ಓಟವಿಲ್ಲ. ಗುರುವಾರ ಸಂಜೆ ಐದರ ಅಂಚೆ ಚೀಲಕ್ಕೆ ಬಿದ್ದರೆ ಮಾತ್ರ ಶನಿವಾರಕ್ಕೆ ತಲುಪುತ್ತದೆ. ಅಂದು ಮಂಗಳವಾರ.

ಮಾವ ಯಾಕೆ ಸಹಿ ಹಾಕಲಿಲ್ಲ ಎಂದರೆ, ಕಳೆದ ವರ್ಷ ಸೊಸೆ ಬೆಟ್ಟದ ಮೇಲೆ ದಾರಿ ತಪ್ಪಿದ್ದಳು. ಆ ಓಟ ಇಪ್ಪತ್ತೆಂಟು ಕಿಲೋಮೀಟರಿನದು, ಕಾಲುದಾರಿಯ ಓಟ. ಪ್ರತಿ ತಿರುವಿನಲ್ಲೂ ಕೈತೋರಿಸಲು ಆಳು ನಿಂತಿರುವುದಿಲ್ಲ. ಮಂಜು ಕವಿದಾಗ ಅವಳು ಮುಂದೆ ಓಡುತ್ತಿದ್ದವನ ಕೆಂಪು ಅಂಗಿಯನ್ನೇ ನೋಡಿಕೊಂಡು ಹೋದಳು. ಕೆಂಪು ಅಂಗಿಯವನೂ ದಾರಿ ತಪ್ಪಿದ್ದ. ಬರಬೇಕಾದ ಹೊತ್ತಿಗಿಂತ ನಾಲ್ಕು ಗಂಟೆ ತಡವಾಗಿ ಅವಳು ಮೊಳಕಾಲು ತರಚಿಕೊಂಡು, ತುಟಿ ನೀಲಿಯಾಗಿ ಕೆಳಗಿಳಿದಾಗ ಮಾವ ಬೆಟ್ಟದ ಬುಡದಲ್ಲಿ ನಿಂತೇ ಇದ್ದರು. ಅವತ್ತು ಏನೂ ಅನ್ನಲಿಲ್ಲ. ಆಮೇಲೆ ವರ್ಷವಿಡೀ ಒಂದೇ ಮಾತು: "ಕಣ್ಣು ಬಿಟ್ಕೊಂಡು ಓಡಿದ್ರೆ ಯಾರಿಗೂ ದಾರಿ ತಪ್ಪಲ್ಲ."

ಈ ಮಾತು ಅವಳಿಗೆ ಮೊಳಕಾಲಿನ ಗಾಯಕ್ಕಿಂತ ಹೆಚ್ಚು ನೋಯುತ್ತಿತ್ತು. ಅತ್ತೆಯ ಕೈಯಲ್ಲಿ ಹೇಗೋ ಒಂದು ಸಹಿ ಗೀಚಿಸಿ ಕಳಿಸಬಹುದಿತ್ತು. ಅವಳು ಕಳಿಸಲಿಲ್ಲ. ಅಷ್ಟು ಹೊತ್ತು ಚಳಿಯಲ್ಲಿ ಕಾದವರಿಗೆ ಮೋಸ ಮಾಡಿ ಓಡುವುದು ಅವಳಿಂದಾಗದು.

ದುಪ್ಪಟಿ ಹರವುವ ಹೊತ್ತಿಗೆ ಪಕ್ಕದ ಮನೆಯ ತಾರಸಿಗೆ ಸರ್ವೆಯಕ್ಕ ಬಂದಳು. ಜಮೀನು ಅಳೆಯುವ ಇಲಾಖೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು, ನಕ್ಷೆ ಓದುವುದೆಂದರೆ ಅವಳಿಗೆ ಅಡುಗೆಮನೆಯ ಡಬ್ಬಿಗಳಿದ್ದ ಹಾಗೆ, ಕಣ್ಣು ಮುಚ್ಚಿ ಕೈಯಿಡುತ್ತಾಳೆ. ಸೊಸೆಯ ಕೈಯಲ್ಲಿದ್ದ ಕಪ್ಪು ಗಡಿಯಾರ ನೋಡಿ, ಇದರಲ್ಲಿ ಏನು ನೋಡುತ್ತೀಯ ಎಂದು ಕೇಳಿದಳು. ಗಡಿಯಾರ ಗಂಡ ಹೋದ ತಿಂಗಳು ತಂದುಕೊಟ್ಟದ್ದು, ಯಾರೋ ಬಳಸಿ ಬಿಟ್ಟದ್ದು. ಎಷ್ಟು ದೂರ ಓಡಿದೆ, ಎದೆಬಡಿತ ಎಷ್ಟು, ಅಷ್ಟನ್ನೇ ನೋಡುವುದು ಎಂದಳು ಸೊಸೆ.

"ಅಯ್ಯೋ ಹುಚ್ಚಿ," ಎಂದಳು ಸರ್ವೆಯಕ್ಕ, "ದಾರಿ ತೋರಿಸೋನನ್ನೇ ಕೈಗೆ ಕಟ್ಕೊಂಡು, ಅವನ ಹತ್ರ ಗಂಟೆ ಎಷ್ಟು ಅಂತ ಕೇಳ್ತಿದ್ದೀಯಲ್ಲೇ."

ಮೂವರೂ ಕೆಳಗಿಳಿದು ಬಂದರು. ಮನೆಯ ಮುಂದಿನ ಕೋಣೆಯೇ ಮಾವನ ಅಂಗಡಿ. ನಲವತ್ತು ವರ್ಷದಿಂದ ಅವರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ತಿರುಪು ಹಿಡಿದು ಕೂತಿದ್ದರು. ಸರ್ವೆಯಕ್ಕ ಅವರ ಮೇಜಿನ ತುದಿಯಲ್ಲೇ ಸೊಸೆಯ ಫೋನಿಟ್ಟು ಪಾಠ ಶುರುಮಾಡಿದಳು. ಓಟದವರು ತಮ್ಮ ವೆಬ್‌ಸೈಟಿನಲ್ಲಿ ದಾರಿಯ ಫೈಲನ್ನು ಹಾಕಿದ್ದರು. ಅದನ್ನು ಫೋನಿಗೆ ಇಳಿಸಿಕೊಂಡು ಗಡಿಯಾರದ ಆ್ಯಪ್‌ನಲ್ಲಿ ತೆರೆದಳು. ನಕ್ಷೆಯ ಮೇಲೆ ಒಂದು ನೀಲಿ ಗೆರೆ ಮೂಡಿತು. ಯಾರೂ ಫೈಲ್ ಕೊಡದಿದ್ದರೆ ನಾವೇ ಬೆರಳಿನಿಂದ ಹೀಗೆ ಗೆರೆ ಎಳೆಯಬಹುದು, ಆದರೆ ಗೆರೆ ಕಾಲುದಾರಿಯ ಮೇಲೇ ಇದೆಯೇ ಎಂದು ನಕ್ಷೆ ದೊಡ್ಡದು ಮಾಡಿ ನೋಡಬೇಕು, ಆ್ಯಪ್ ಕೆಲವು ಸಲ ನಮ್ಮನ್ನು ಕಾರೆಂದು ತಿಳಿದು ಟಾರು ರಸ್ತೆಗೆ ಎಳೆದುಬಿಡುತ್ತದೆ ಎಂದಳು.

ಸೊಸೆ ಗೆರೆಯನ್ನು ಉಳಿಸಿ, ಆಯಿತು ಎಂದು ಫೋನ್ ಕೆಳಗಿಟ್ಟಳು.

"ಎಲ್ಲಿ ಆಯ್ತು? ಅದು ಫೋನಿನಲ್ಲಿದೆ. ಗಡಿಯಾರಕ್ಕೆ ಇನ್ನೂ ಹೋಗಿಲ್ಲ. ಅನ್ನ ಪಾತ್ರೆಯಲ್ಲಿದ್ರೆ ಹೊಟ್ಟೆ ತುಂಬುತ್ತಾ?"

ಇದೇ ಬಹಳ ಜನ ಮಾಡುವ ತಪ್ಪು ಎಂದಳು ಸರ್ವೆಯಕ್ಕ. ಫೋನನ್ನೂ ಗಡಿಯಾರವನ್ನೂ ಜೋಡಿಸಿ, 'ಗಡಿಯಾರಕ್ಕೆ ಕಳಿಸು' ಎಂಬುದನ್ನು ಒತ್ತಿಸಿದಳು. ಹೋಯಿತೆಂದು ನಂಬಿ ಕೂರಬಾರದು, ಗಡಿಯಾರದಲ್ಲೇ ತೆರೆದು ನೋಡಬೇಕು. ನೋಡಿದರು. ಹೆಬ್ಬೆರಳಿನಷ್ಟಗಲದ ಗಾಜಿನಲ್ಲಿ ಇಡೀ ಬೆಟ್ಟದ ದಾರಿ ದಾರದ ಎಳೆಯಂತೆ ಮಲಗಿತ್ತು. ಆ ಗೆರೆಯಲ್ಲಿ ಒಂದು ಕಡೆ ಮೂರು ದಾರಿ ಸೇರುವುದನ್ನು ಅವಳು ನೋಡಿದ ಕೂಡಲೇ ಗುರುತು ಹಿಡಿದಳು. ತಾನು ತಪ್ಪಿದ್ದು ಅಲ್ಲೇ.

ಮಾವ ಭೂತಗನ್ನಡಿ ತೆಗೆಯದೆಯೇ ಗಡಿಯಾರವನ್ನು ಕೈಗೆ ತೆಗೆದುಕೊಂಡರು. ಮಗುಚಿ ನೋಡಿದರು. ತೆರೆಯಲು ಒಂದು ಮುಚ್ಚಳವೂ ಇಲ್ಲ, ಕೀಲಿಯೂ ಇಲ್ಲ. ಗೋಡೆಯ ದೊಡ್ಡ ಗಡಿಯಾರದ ಜೊತೆ ಹೋಲಿಸಿ, ಇದು ನಲವತ್ತು ಸೆಕೆಂಡು ಮುಂದಿದೆ, ಸಮಯವೇ ಸರಿ ತೋರಿಸದ್ದು ದಾರಿ ಏನು ತೋರಿಸೀತು ಎಂದರು. ಅದು ಆಕಾಶದ ಉಪಗ್ರಹಗಳಿಂದ ಸಮಯ ತಗೊಳ್ಳುತ್ತದೆ, ಹಿಂದಿರುವುದು ನಿಮ್ಮ ಗೋಡೆಯದು ಎಂದಳು ಸರ್ವೆಯಕ್ಕ. ಆಮೇಲೆ ಮಾವ, ಇದನ್ನು ಈ ರಾತ್ರಿ ನನ್ನ ಹತ್ತಿರ ಬಿಡಿ, ಪರೀಕ್ಷೆ ಮಾಡಿ ಹೇಳುತ್ತೇನೆ ಎಂದರು. ಸೊಸೆಗೆ ಅಷ್ಟೇ ಸಾಕಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಅವರು 'ಬೇಡ' ಎಂದಿರಲಿಲ್ಲ.

ಬುಧವಾರ ಬೆಳಿಗ್ಗೆ ಗಡಿಯಾರ ಸತ್ತು ಮಲಗಿತ್ತು. ಯಾವ ಗುಂಡಿ ಒತ್ತಿದರೂ ಉಸಿರಿಲ್ಲ.

"ನೋಡಮ್ಮ," ಎಂದರು ಮಾವ, ಗೆದ್ದವರ ಹಾಗೆ ಅಲ್ಲ, ಬೇಸರದಿಂದಲೇ. "ಮೇಜಿನ ಮೇಲೆ ಒಂದು ರಾತ್ರಿ ತಡೀಲಿಲ್ಲ. ಬೆಟ್ಟದ ಮೇಲೆ ಇದನ್ನ ನಂಬಿ ನಿನ್ನ ಹೇಗೆ ಕಳಿಸ್ಲಿ?"

ಸೊಸೆಯ ಮುಖ ಬಾಡಿತು. ಸರ್ವೆಯಕ್ಕ ಬಂದು ಚಾರ್ಜಿಗೆ ಹಾಕಿಸಿದಳು. ಜೀವ ಬಂದ ಮೇಲೆ ಒಳಗೆ ಹುಡುಕಿ ನೋಡಿ ಜೋರಾಗಿ ನಕ್ಕಳು. ರಾತ್ರಿ ಎಂಟರಿಂದ ಬೆಳಗಿನ ಏಳರವರೆಗೆ ಒಂದು ಓಟ ದಾಖಲಾಗಿತ್ತು. ಹನ್ನೊಂದು ಗಂಟೆಯ ಓಟ, ದೂರ ಮಾತ್ರ ಇನ್ನೂರು ಮೀಟರು.

ಆದದ್ದು ಇಷ್ಟು. ರಿಪೇರಿಯಾದ ಗಡಿಯಾರವನ್ನು ಒಂದಿಡೀ ರಾತ್ರಿ ಓಡಿಸಿ ನೋಡದೆ ಗಿರಾಕಿಗೆ ಕೊಡಬಾರದು ಎಂಬುದು ಮಾವನ ಕಸುಬಿನ ನೇಮ. ಅದೇ ನೇಮದಂತೆ ಅವರು ಇದರಲ್ಲೂ 'ಓಟ' ಎಂದಿದ್ದ ಗುಂಡಿ ಒತ್ತಿ, ಕಿಟಕಿಯ ಹತ್ತಿರ ಗೋಡೆಯ ಗಡಿಯಾರದ ಕೆಳಗೆ ಇಟ್ಟು ಮಲಗಿದ್ದರು. ಕೀಲಿ ಗಡಿಯಾರ ಓಡಿದಷ್ಟೂ ನಂಬಿಕೆ ಹುಟ್ಟುತ್ತದೆ. ಇದು ಓಡಿದಷ್ಟೂ ಚಾರ್ಜು ಇಳಿಯುತ್ತದೆ, ಯಾಕೆಂದರೆ ಅದು ಪ್ರತಿ ಕ್ಷಣವೂ ಆಕಾಶವನ್ನು ಕೇಳುತ್ತಾ ಇರುತ್ತದೆ, ನಾನು ಎಲ್ಲಿದ್ದೇನೆ ಎಂದು. ಆ ಉತ್ತರ ಆಗಾಗ ಒಂದೆರಡು ಮೀಟರು ಆಚೀಚೆಯಾಗುತ್ತದೆ, ಕೂತಲ್ಲೇ ಇನ್ನೂರು ಮೀಟರು ಆದದ್ದು ಹಾಗೆ.

"ನಲವತ್ತು ವರ್ಷದಲ್ಲಿ ಇವರು ಓಡಿದ್ದು ನಾನು ನೋಡಿಲ್ಲ," ಎಂದಳು ಅತ್ತೆ, "ನಿನ್ನೆ ಮೇಜಿನ ಮೇಲೇ ಇನ್ನೂರು ಮೀಟರು ಓಡಿದ್ದಾರೆ."

ಮಾವನಿಗೂ ನಗು ತಡೆಯಲಾಗಲಿಲ್ಲ. ಸರ್ವೆಯಕ್ಕ ಮಾತ್ರ ಆ ತಪ್ಪನ್ನು ಕೈಬಿಡಲಿಲ್ಲ. ನಿಮ್ಮ ಪರೀಕ್ಷೆ ದಂಡವಾಗಲಿಲ್ಲ ಅಣ್ಣ, ಪೂರ್ತಿ ಚಾರ್ಜಾದರೆ ಈ ಗಡಿಯಾರ ಹನ್ನೊಂದು ಗಂಟೆಗೆ ಕಡಿಮೆಯಿಲ್ಲದೆ ಬರುತ್ತದೆ ಎಂದು ನಿಮ್ಮಿಂದಲೇ ಗೊತ್ತಾಯಿತು, ಇವಳ ಓಟ ಐದು ಗಂಟೆಯದು, ಹಿಂದಿನ ದಿನ ಚಾರ್ಜು ತುಂಬಿಸಿಟ್ಟರೆ ಆಯಿತು ಎಂದಳು. ಮಾವ ಗದ್ದ ಕೆರೆದುಕೊಂಡರು. ಗಡಿಯಾರ ನಡೆಯುತ್ತದೆಂದು ಒಪ್ಪಿದೆ, ದಾರಿ ತೋರಿಸುತ್ತದೆಂದು ಇನ್ನೂ ಒಪ್ಪಿಲ್ಲ, ನಾಳೆ ಇವಳ ಜೊತೆ ಬೆಟ್ಟಕ್ಕೆ ಹೋಗಿ ನೋಡಿಯೇ ಹೇಳುತ್ತೇನೆ ಎಂದರು.

ಗುರುವಾರ ಬೆಳಗಿನ ಬಸ್ಸಿನಲ್ಲಿ ಮಾವ, ಸೊಸೆ ಹೊರಟರು. ಬೆಟ್ಟದ ಬುಡದಲ್ಲಿ ಬಯಲಲ್ಲಿ ನಿಂತು, ಗಡಿಯಾರ ಉಪಗ್ರಹಗಳನ್ನು ಹಿಡಿಯುವವರೆಗೆ ಕಾದು, ಉಳಿಸಿದ ದಾರಿಯನ್ನು ತೆರೆದರು. ಗಾಜಿನ ಮೇಲೆ ಗೆರೆ, ಗೆರೆಯ ಮೇಲೆ ಒಂದು ಚಿಕ್ಕ ಬಾಣ. ಆ ಬಾಣವೇ ನಾವು ಎಂದಳು ಸೊಸೆ. ಮಾವ ಎರಡು ಹೆಜ್ಜೆಗೊಮ್ಮೆ ಅವಳ ಮಣಿಕಟ್ಟಿನತ್ತ ಬಗ್ಗಿ ನೋಡುತ್ತಾ ನಡೆದರು. ನೋಡುವುದಿಲ್ಲವೆಂಬಂತೆ ನಟಿಸುತ್ತಲೂ ಇದ್ದರು.

ಮುಕ್ಕಾಲು ಗಂಟೆ ಹತ್ತುವಷ್ಟರಲ್ಲಿ ಮಂಜು ಇಳಿಯಿತು. ಹತ್ತು ಮಾರಿನಾಚೆ ಏನೂ ಕಾಣದು. ಮೂರು ದಾರಿ ಸೇರುವ ಜಾಗ ಬಂದಾಗ ಮಾವ ನಿಲ್ಲಲೇ ಇಲ್ಲ. ಎಡಗಡೆಯ ದಾರಿ ಅಗಲವಾಗಿ, ತುಳಿದು ತುಳಿದು ನುಣ್ಣಗಾಗಿತ್ತು. ಅವರು ಅದನ್ನೇ ಹಿಡಿದು ಬಿರಬಿರನೆ ಹೋದರು. ಹಿಂದೆಯೇ ಹೋದ ಸೊಸೆ ಬಾಯಿ ತೆರೆಯುವಷ್ಟರಲ್ಲಿ ಐವತ್ತು ಹೆಜ್ಜೆ ಆಗಿತ್ತು. ಆಗ ಅವಳ ಮಣಿಕಟ್ಟು ಗುಂಯ್ ಎಂದು ನಡುಗಿತು. ನೋಡಿದರೆ ಬಾಣ ಗೆರೆ ಬಿಟ್ಟು ಪಕ್ಕಕ್ಕೆ ಸರಿದಿತ್ತು.

ಅವಳು ನಿಂತಳು. ಗಡಿಯಾರ ನಡುಗಿದರೆ ಮೊದಲು ನಿಲ್ಲು, ಅಡ್ಡದಾರಿ ಹುಡುಕಬೇಡ, ಬಂದ ಹೆಜ್ಜೆಯಲ್ಲೇ ಗೆರೆಗೆ ವಾಪಸ್ಸು ಬಾ ಎಂದು ಸರ್ವೆಯಕ್ಕ ಮೂರು ಸಲ ಹೇಳಿ ಕಳಿಸಿದ್ದಳು.

"ಮಾವ, ಇದು ದಾರಿ ಅಲ್ಲ."

"ಇಷ್ಟಗಲ ಇದೆ, ದಾರಿ ಅಲ್ವಂತೆ. ಮಂಜಿಗೆ ನಿನ್ನ ಗಡಿಯಾರಕ್ಕೂ ಕಣ್ಣು ಮಂಜಾಗಿದೆ, ಬಾ ಸುಮ್ನೆ."

ಅವರ ದನಿ ಕೇಳಿತು, ಅವರು ಕಾಣಲಿಲ್ಲ. ಹೋದ ವರ್ಷ ಕೆಂಪು ಅಂಗಿಯ ಹಿಂದೆ ಹೋದ ಹಾಗೆ ಈಗ ಮಾವನ ಹಿಂದೆ ಹೋಗಬೇಕೇ? ಹಿರಿಯರ ಮಾತು ಮೀರಿ ಗೊತ್ತಿಲ್ಲ ಅವಳಿಗೆ. ಆದರೂ ನಿಂತಲ್ಲಿಂದ ಕದಲಲಿಲ್ಲ.

"ನಾನು ಬರಲ್ಲ ಮಾವ. ನೀವೇ ವಾಪಸ್ ಬನ್ನಿ. ನನ್ನ ದನಿ ಹಿಡ್ಕೊಂಡು ಬನ್ನಿ," ಎಂದಳು. ಅವರು ಬರುವವರೆಗೂ ಮಾತಾಡುತ್ತಲೇ ನಿಂತಳು.

ಇಬ್ಬರೂ ಐವತ್ತು ಹೆಜ್ಜೆ ಹಿಂದೆ ಬಂದರು. ಬಾಣ ಮತ್ತೆ ಗೆರೆಯ ಮೇಲೆ ಕೂತಿತು. ಗೆರೆ ಬಲಕ್ಕೆ ಹೊರಳಿತ್ತು. ಬಲಕ್ಕೆ ನೋಡಿದರೆ ಒಂದು ದೊಡ್ಡ ಬಂಡೆ, ಅದರ ಮಗ್ಗುಲಲ್ಲಿ ಪೊದೆ. ಪೊದೆ ಸರಿಸಿದರೆ ಒಂದಾಳು ನುಸುಳುವಷ್ಟು ಸಣ್ಣ ದಾರಿ. ಬಂಡೆಯ ಮೇಲೆ ಓಟದವರು ಹಿಂದೆಂದೋ ಬಳಿದ ಬಿಳಿ ಬಣ್ಣದ ಗುರುತು, ಅರ್ಧ ಪಾಚಿ ಕಟ್ಟಿತ್ತು. ಮಾವ ಅದರ ಮೇಲೆ ಕೈಯಿಟ್ಟರು. ಅವರು ಹೋಗುತ್ತಿದ್ದ ಅಗಲದ ದಾರಿ ಸೌದೆ ಗಾಡಿಯದು, ಅದು ಬೆಟ್ಟದ ಆಚೆ ಬದಿಗೆ ಇಳಿದುಹೋಗುತ್ತದೆ ಎಂದು ಫೋನಿನಲ್ಲಿ ನಕ್ಷೆ ದೊಡ್ಡದು ಮಾಡಿದಾಗ ಕಂಡಿತು.

ಆಮೇಲೆ ಸೊಸೆಯ ಮುಖ ನೋಡದೆ, ಬಂಡೆಯನ್ನೇ ನೋಡುತ್ತಾ ಹೇಳಿದರು.

"ನಾನೂ ಕಣ್ಣು ಬಿಟ್ಕೊಂಡೇ ಇದ್ದೆ ಕಣಮ್ಮ."

ಅಷ್ಟೇ. ವರ್ಷದ ಮುಳ್ಳು ಅಲ್ಲಿಗೆ ಕಿತ್ತುಬಂತು. ಸೊಸೆ ಕಣ್ಣೊರೆಸಿಕೊಂಡು, ನಗುತ್ತಾ, ಆ ಸಣ್ಣ ದಾರಿಯಲ್ಲಿ ಓಡಿಹೋಗಿ ಶಿಖರ ಮುಟ್ಟಿ ಬಂದಳು. ಮಾವ ಬಂಡೆಯ ಮೇಲೆ ಕೂತು ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆದರು.

ಇಳಿಯುವಾಗ ಅವರ ಉತ್ಸಾಹ ನೋಡಬೇಕಿತ್ತು. ದಾರಿಯ ಒಂದು ಪ್ರತಿ ನನ್ನ ಫೋನಿಗೂ ಹಾಕು ಎಂದರು. ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತೀಯ ಹೇಳು, ಸಮಯ ಲೆಕ್ಕ ಹಾಕುವುದು ನನ್ನ ಕಸುಬು, ಅರ್ಧ ಗಂಟೆ ತಡವಾದರೆ ನಾನೇ ಓಟದವರಿಗೆ ಫೋನ್ ಮಾಡುತ್ತೇನೆ ಎಂದರು. ಕಾಗದದ ನಕ್ಷೆಯೂ ಜೇಬಿನಲ್ಲಿರಲಿ, ಯಂತ್ರ ಯಂತ್ರವೇ ಎಂದೂ ಸೇರಿಸಿದರು. ಲಕೋಟೆ ಸೊಸೆಯ ಚೀಲದಲ್ಲೇ ಇತ್ತು. ಬಸ್ಸು ಅಲ್ಲಾಡುತ್ತಿದ್ದರೂ ಮೊಣಕಾಲ ಮೇಲೆ ಕಾಗದವಿಟ್ಟು, ತಿರುಪು ಹಿಡಿಯುವ ಅದೇ ಬೆರಳುಗಳಿಂದ ಒಂದಕ್ಷರ ಕೆಡದಂತೆ ಸಹಿ ಹಾಕಿದರು. ಲಕೋಟೆ ಅಂಟಿಸಿದವರೂ ಅವರೇ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಓಡುವವರು, ಬೆಟ್ಟ ಹತ್ತುವವರು, ಸೈಕಲ್ ತುಳಿಯುವವರು ಇರಬಹುದು. ಅವರ ಕೈಯಲ್ಲಿ ಇಂಥ ಗಡಿಯಾರವಿದ್ದರೆ ಬರೀ ಗಂಟೆ ನೋಡಿ ಬಿಡಬೇಡಿ. ಹೋಗುವ ದಾರಿಯನ್ನು ಮನೆಯಲ್ಲೇ ಕೂತು, ನಿಧಾನವಾಗಿ ಅದರೊಳಗೆ ತುಂಬಿಸಿ. ಗುಂಡಿಗಳ ಹೆಸರು ಒಂದೊಂದು ಗಡಿಯಾರದಲ್ಲಿ ಒಂದೊಂದು ಥರ ಇರುತ್ತದೆ, ತಿಳಿದವರನ್ನು ಕೇಳಲು ನಾಚಬೇಡಿ. ಗೊತ್ತಿರುವ ಹತ್ತಿರದ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಹೊರಡುವ ಮುನ್ನ ಚಾರ್ಜು ತುಂಬಿಸಿ, ಮನೆಯವರಿಗೆ ದಾರಿಯ ಪ್ರತಿ ಕೊಡಿ. ಗಡಿಯಾರ ಎಚ್ಚರಿಸಿದಾಗ ನಿಲ್ಲಿ, ಮುಂದೆ ಹೋಗುವವರು ಯಾರೇ ಆಗಿರಲಿ. ಇನ್ನು ಮನೆಯಲ್ಲಿ ಕಾಯುವವರೇ, ದಾರಿ ತಪ್ಪಿ ಬಂದವರನ್ನು ಹಂಗಿಸಬೇಡಿ. ಕಲಿಯಲು ಜೊತೆಗೆ ಕೂತುಕೊಳ್ಳಿ.

ಬಸ್ಸು ಐದಕ್ಕೆ ಏಳು ನಿಮಿಷವಿರುವಾಗ ಪೇಟೆ ಮುಟ್ಟಿತು. ಅಂಚೆ ಕಚೇರಿ ಇನ್ನೂ ಎರಡು ಬೀದಿ ಆಚೆ. ನನ್ನ ಕಾಲಿಗೆ ಕಾಯಬೇಡ, ಓಡು ಎಂದರು ಮಾವ. ಸೊಸೆ ಓಡಿದಳು. ತರಕಾರಿ ಗಾಡಿಗಳ ಸಂದಿನಲ್ಲಿ, ಶಾಲೆ ಬಿಟ್ಟ ಮಕ್ಕಳ ನಡುವೆ, ಬೆಟ್ಟದ ಕೆಸರು ಮೆತ್ತಿದ ಬೂಟಿನಲ್ಲಿ ಓಡಿದಳು. ಅಂಚೆಯವನು ಚೀಲದ ಬಾಯಿಗೆ ದಾರ ಸುತ್ತುತ್ತಿದ್ದ. ಅವಳ ಏದುಸಿರು ನೋಡಿ, ಸುತ್ತಿದ ದಾರವನ್ನು ಮತ್ತೆ ಬಿಚ್ಚಿ, ಚೀಲದ ಬಾಯಿ ಅಗಲಿಸಿ ಹಿಡಿದ. ಎರಡು ತಿಂಗಳಿಂದ ಕಾದ ಲಕೋಟೆಯನ್ನು ಅವಳು ತನ್ನ ಕೈಯಾರೆ ಅದರೊಳಗೆ ಹಾಕಿದಳು.