ಹಿತ್ತಲ ರೂಮಿನ ಮೀಟರ್

ಕನ್ನಡದವರ ಮನೆ ಬಾಡಿಗೆಗೆ ಸಿಕ್ಕಿತೆಂದು ನಾನು ಕುಣಿದಾಡಿದ್ದೆ. ಐರ್ಲೆಂಡಿನ ಮೇನೂತ್‌ನಲ್ಲಿ ಎಂ.ಎಸ್ಸಿ. ಮುಗಿಸಿ, ಸ್ಯಾಂಡಿಫರ್ಡ್‌ನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಹಿಡಿದು, ಮನೆಗಾಗಿ ಅಲೆದು ಅಲೆದು ಸಾಕಾಗಿದ್ದಾಗ ಬ್ಲಾಂಚರ್ಡ್ಸ್‌ಟೌನ್‌ನ ಸತ್ಯಪ್ರಕಾಶ್ ಅಂಕಲ್ ತಮ್ಮ ಹಿತ್ತಲಲ್ಲಿ ಕಟ್ಟಿಸಿದ್ದ ಒಂದು ರೂಮು ತೋರಿಸಿದರು. ನಾನು ಕರಾರುಪತ್ರ ಕೇಳಲಿಲ್ಲ. ನಮ್ಮವರನ್ನೇ ಪತ್ರ ಕೇಳುವುದುಂಟೆ? ಕರೆಂಟಿಗೆ ನನ್ನ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಸಬ್‌ಮೀಟರ್ ಇತ್ತು. ತಿಂಗಳ ಕೊನೆಗೆ ಅದರ ಫೋಟೋ ತೆಗೆದು ಅಂಕಲ್‌ಗೆ ವಾಟ್ಸಾಪ್ ಮಾಡಿದರೆ ಅವರು ಎಷ್ಟು ಕೊಡಬೇಕೆಂದು ಹೇಳುತ್ತಿದ್ದರು. ಬೆಂಗಳೂರಿನ ಔಟ್‌ಹೌಸ್ ಪದ್ಧತಿಯನ್ನು ಬೇರುಸಮೇತ ಕಿತ್ತು ತಂದು ಐರ್ಲೆಂಡಿನಲ್ಲಿ ನೆಟ್ಟಿದ್ದರು ಮಹಾನುಭಾವರು.

ನಿಜ ಹೇಳಬೇಕೆಂದರೆ ನಾನು ಅಲ್ಲಿ ಉಳಿದದ್ದು ಆ ರೂಮಿಗಾಗಿ ಅಲ್ಲ, ಅಂಕಲ್ ಹೆಂಡತಿ ವನಜಾ ಆಂಟಿಯ ಭಾನುವಾರದ ಊಟಕ್ಕಾಗಿ. ವಾರವಿಡೀ ಫೋನಿನಲ್ಲಿ ಜನರ ದೂರು ಕೇಳುವುದು ನನ್ನ ಕೆಲಸ. ದಿನಕ್ಕೆ ನಲವತ್ತು ಜನ ನನ್ನ ಮೇಲೆ ಕೂಗಾಡುತ್ತಾರೆ. ಆಫೀಸಿನವರು ಹೇಗಿದ್ದೀಯ ಎನ್ನುತ್ತಾರೆ, ನಾನು ಇಲ್ಲಿಯವರ ಹಾಗೆ ‘ಗ್ರ್ಯಾಂಡ್’, ಅಂದರೆ ಚೆನ್ನಾಗಿದ್ದೇನೆ ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯಿತು. ಲುವಾಸ್ ಟ್ರಾಮ್ ಇಳಿದು ಬಸ್ಸು ಹತ್ತಿ ರೂಮಿಗೆ ಬಂದು ಬಾಗಿಲು ಹಾಕಿಕೊಂಡರೆ ಮತ್ತೆ ಬೆಳಗಿನವರೆಗೆ ಬಾಯಿ ತೆರೆಯುವ ಕೆಲಸವಿಲ್ಲ. ಭಾನುವಾರ ಮಧ್ಯಾಹ್ನ ಮಾತ್ರ ಅಡುಗೆಮನೆ ಬಾಗಿಲಿನಿಂದ “ತೇಜೂ, ಬಾರೇ, ಮುದ್ದೆ ಆರೋಗತ್ತೆ” ಎಂಬ ಕೂಗು ಬರುತ್ತಿತ್ತು. ಈ ದೇಶದಲ್ಲಿ ನನ್ನನ್ನು ‘ಬಾರೇ’ ಎನ್ನುವವರು ಅವರೊಬ್ಬರೇ. ಆ ಕೂಗು ನಿಂತರೆ ನನಗಿಲ್ಲಿ ಇನ್ನಾರೂ ಇಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ನವೆಂಬರಿನಲ್ಲಿ ನನ್ನ ಬಿಲ್ಲು ಎರಡು ಪಟ್ಟಾಯಿತು. ಅಂಕಲ್ ಅದನ್ನು ಊಟಕ್ಕೆ ಕೂತಾಗಲೇ ಎತ್ತಿದರು.

“ಹೀಟರ್ ಹಾಕ್ಬಿಟ್ಟು ಆಫೀಸಿಗೆ ಹೋಗ್ತೀಯಾ ನೀನು. ಮನೆ ಮೇನ್ ಮೀಟರು ಸ್ಮಾರ್ಟ್ ಮೀಟರ್ ಕಣಮ್ಮಾ, ಅರ್ಧರ್ಧ ಗಂಟೆ ಲೆಕ್ಕಾನೂ ಆ್ಯಪಲ್ಲಿ ಬರತ್ತೆ. ಬೆಳಗ್ಗೆ ಒಂಬತ್ತಕ್ಕೆ ಏರಿದ್ದು ಮೂರು ಗಂಟೆವರ್ಗೂ ಇಳಿಯೋದೇ ಇಲ್ಲ.”

“ಇಲ್ಲ ಅಂಕಲ್, ನಾನು ಪ್ಲಗ್ಗೇ ಕಿತ್ತಿಟ್ಟು ಹೋಗ್ತೀನಿ.”

“ಮತ್ತೆ ದೆವ್ವ ಬಂದು ಹಾಕತ್ತಾ?”

ಆಂಟಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, “ಮರ್ತಿರ್ತಾಳೆ ಬಿಡಿ, ಚಿಕ್ಕವಳು” ಎಂದರು.

ನನಗೆ ಮೈಯೆಲ್ಲ ಉರಿಯಿತು. ಮರೆಯುವ ಜಾತಿಯವಳೇ ಅಲ್ಲ ನಾನು. ಅಂಕಲ್ ತಮ್ಮ ಮನೆಯ ಯಾವುದೋ ವೈರನ್ನು ನನ್ನ ಮೀಟರಿಗೆ ಸಿಕ್ಕಿಸಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಆ ಮನುಷ್ಯ ಬೇರೆಯವರ ಮನೆಗೆ ಹೋದರೂ ಖಾಲಿ ಕೋಣೆಯ ಲೈಟು ಆರಿಸಿ ಬರುವವರು. ಆದರೆ ಪುರಾವೆಯಿಲ್ಲದೆ ಬಾಯಿ ಬಿಟ್ಟರೆ ಭಾನುವಾರದ ಊಟಕ್ಕೆ ಕಲ್ಲು ಬೀಳುತ್ತದೆ. ಹಾಗಾಗಿ ಡಿಸೆಂಬರಿನ ಮೊದಲ ಗುರುವಾರ ಯಾರಿಗೂ ಹೇಳದೆ ರಜೆ ಹಾಕಿ, ಪರದೆ ಎಳೆದುಕೊಂಡು ರೂಮಿನಲ್ಲೇ ಕೂತೆ.

ಒಂಬತ್ತೂವರೆಗೆ ರೂಮಿನ ಎಲ್ಲ ಪ್ಲಗ್ಗುಗಳನ್ನೂ ಕಿತ್ತು ಹೊರಗೆ ಹೋಗಿ ನೋಡಿದೆ. ಮೀಟರಿನ ಕೆಂಪು ದೀಪ ಪಟಪಟನೆ ಮಿಟುಕುತ್ತಿತ್ತು, ಅಂದರೆ ಕರೆಂಟು ಓಡುತ್ತಲೇ ಇತ್ತು. ಬೆಂಗಳೂರಿನಲ್ಲಿ ಬಾಡಿಗೆಗಿದ್ದ ಯಾರಿಗೂ ಮುಂದಿನ ಕೆಲಸ ಹೇಳಿಕೊಡಬೇಕಿಲ್ಲ: ನಿಮ್ಮ ಮೇನ್ ಆಫ್ ಮಾಡಿ, ಯಾರು ಓಡಿ ಬರುತ್ತಾರೆ ನೋಡಿ. ಮೀಟರಿನ ಕೆಳಗಿದ್ದ ಸ್ವಿಚ್ಚನ್ನು ಆರಿಸಿ ರೂಮಿನೊಳಗೆ ಬಂದು ಪರದೆಯ ಸಂದಿಯಲ್ಲಿ ಕಣ್ಣಿಟ್ಟೆ.

ಎರಡು ನಿಮಿಷವೂ ಆಗಿರಲಿಲ್ಲ. ಅಡುಗೆಮನೆ ಬಾಗಿಲು ತೆರೆಯಿತು. ವನಜಾ ಆಂಟಿ ಬಂದರು. ನೈಟಿಯ ಮೇಲೆ ಅಂಕಲ್‌ನ ಹಳೆಯ ಕೋಟು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಎರಡೆರಡು ಜೊತೆ ಸಾಕ್ಸು. ಅತ್ತಿತ್ತ ನೋಡದೆ ಸೀದಾ ನನ್ನ ಮೀಟರಿನ ಹತ್ತಿರ ಬಂದು ಸ್ವಿಚ್ಚಿಗೆ ಕೈ ಹಾಕಿದರು. ನಾನು ಬಾಗಿಲು ತೆರೆದೆ.

“ಅಯ್ಯೋ, ಆಫೀಸಿಗೆ ಹೋಗ್ಲಿಲ್ವೇನೇ?”

“ನೀವೇನಾ ಆಂಟಿ?”

ಅವರ ಕೈ ಸ್ವಿಚ್ಚಿನ ಮೇಲೇ ಇತ್ತು. ಸುಳ್ಳು ಹೇಳಲು ನೋಡಿದರು, ಆಗಲಿಲ್ಲ.

“ಸ್ಟೋರ್ ರೂಮಿನ ಪ್ಲಗ್ ಒಂದು ನಿನ್ನ ಲೈನಲ್ಲೈತೆ ಕಣೇ. ಮನೆ ಹೀಟಿಂಗೆಲ್ಲ ಅವರ ಫೋನಲ್ಲೇ ಇರೋದು. ಅವರು ಕೆಲಸಕ್ಕೆ ಹೋದ ತಕ್ಷಣ ಆಫ್. ಒಬ್ಬಳಿಗೆ ಮನೆಯೆಲ್ಲ ಯಾಕೆ ಕಾಯಿಸ್ಬೇಕು ಅಂತಾರೆ. ಇಡೀ ದಿನ ಒಬ್ಳೇ ನಡುಗ್ತಾ ಕೂತಿರ್ತೀನಿ. ಆ ಸ್ಟೋರ್ ರೂಮಲ್ಲಿ ಒಂದು ಸಣ್ಣ ಹೀಟರ್ ಇಟ್ಕೊಂಡು ಕೂರ್ತೀನಿ, ಅಷ್ಟೇ. ಆ್ಯಪಲ್ಲಿ ನೋಡಿ ಅವರು ಕೇಳಿದ್ರು. ಗಾಬರಿಗೆ ನಿನ್ನ ಹೆಸರು ಹೇಳ್ಬಿಟ್ಟೆ.”

ಆಗ ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ. ಅಷ್ಟು ದಿನ ಒಳಗೆ ಇಟ್ಟುಕೊಂಡಿದ್ದ ಸಿಟ್ಟು ಒಂದೇ ಸಲಕ್ಕೆ ಹೊರಬಿತ್ತು.

“ಓಹೋ, ಭಾನುವಾರ ಕರ್ದು ಮುದ್ದೆ ಹಾಕ್ತಿದ್ದಿದ್ದು ಇದಕ್ಕೇನಾ?”

ಆಂಟಿ ಸ್ವಿಚ್ಚಿನಿಂದ ಕೈ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. “ಅಲ್ಲ ಕಣೇ” ಎಂದಷ್ಟೇ ಹೇಳಿ ಒಳಗೆ ಹೋದರು. ಆಡಿದ ಮಾತು ಸುಳ್ಳೆಂದು ಆಡುವಾಗಲೇ ನನಗೆ ಗೊತ್ತಿತ್ತು. ಆ ಮನೆಗೆ ಬಂದ ಮೊದಲ ವಾರದಿಂದಲೂ ಅವರು ನನ್ನನ್ನು ಕರೆದಿದ್ದರು, ಆಗಿನ್ನೂ ಬೇಸಿಗೆ.

ಆ ಭಾನುವಾರ ತಲೆಗೆ ನೀರು ಹಾಕಿಕೊಂಡು ಹನ್ನೆರಡು ಗಂಟೆಯಿಂದ ಕೂತೆ. ಒಗ್ಗರಣೆಯ ವಾಸನೆ ಬಂತು, ಕೂಗು ಬರಲಿಲ್ಲ. ಮೂರು ಗಂಟೆಗೆ ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ. ಮುಂದಿನ ಭಾನುವಾರವೂ ಅಷ್ಟೇ. ಎರಡು ಸಲ ಕ್ಷಮೆ ಕೇಳೋಣವೆಂದು ಅವರ ಬಾಗಿಲು ತಟ್ಟಿದೆ. ಒಳಗೆ ನಲ್ಲಿಯ ನೀರು ಬಿಡುವ ಸದ್ದು ಕೇಳುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ.

ತಿಂಗಳ ಕೊನೆಗೆ ಮೀಟರಿನ ಫೋಟೋ ಕಳಿಸಿದೆ. ಬಿಲ್ಲು ಹೆಚ್ಚುಕಡಿಮೆ ಮೊದಲಿನಷ್ಟಕ್ಕೆ ಇಳಿದಿತ್ತು. “ವೆರಿ ಗುಡ್. ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗತ್ತೆ” ಎಂದು ಅಂಕಲ್ ಬರೆದರು. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಆ ವರ್ಷದ ಅತಿ ಕೆಟ್ಟ ಚಳಿಯ ವಾರವದು, ಆಂಟಿ ಹೀಟರ್ ಮುಟ್ಟುವುದನ್ನೇ ಬಿಟ್ಟಿದ್ದರು. ಸರಿಯಾದ ಬಿಲ್ಲು ಬಂದಿದ್ದ ಫೋನನ್ನು ಕೈಯಲ್ಲಿ ಹಿಡಿದುಕೊಂಡು ನಾನು ಮಂಚದ ಮೇಲೆ ಕೂತು ಅತ್ತೆ.

ಆಮೇಲೆ ಅಂಕಲ್‌ಗೆ ಹೀಗೆ ಬರೆದೆ: “ಸಾರಿ ಅಂಕಲ್, ಹೀಟರ್ ಹಾಕಿಟ್ಟು ಹೋಗ್ತಿದ್ದವಳು ನಾನೇ. ನಿಮ್ಮ ಹತ್ರ ಸುಳ್ಳು ಹೇಳಿದ್ದೆ. ಬಂದಾಗ ರೂಮು ತಣ್ಣಗಿದ್ರೆ ನನಗೆ ಆಗಲ್ಲ. ಇನ್ಮೇಲೂ ಹಾಕಿಟ್ಟೇ ಹೋಗ್ತೀನಿ, ಬಿಲ್ ಎಷ್ಟಾದ್ರೂ ಕೊಡ್ತೀನಿ. ಆಂಟಿಗೂ ಹೇಳಿಬಿಡಿ.”

ಅಂಕಲ್‌ನಿಂದ ಎರಡು ನಿಮಿಷದ ವಾಯ್ಸ್ ಮೆಸೇಜ್ ಬಂತು. ಈಗಿನ ಕಾಲದ ಮಕ್ಕಳು, ದುಡ್ಡಿನ ಬೆಲೆ, ಸುಳ್ಳು. ಕೊನೆಯಲ್ಲಿ ಫೋನನ್ನು ಆಚೆ ಹಿಡಿದು “ಕೇಳಿದ್ಯೇನೇ ವನಜಾ, ಅವಳೇ ಒಪ್ಕೊಂಡ್ಲು” ಎಂದದ್ದೂ ಅದರಲ್ಲಿತ್ತು.

ಅಂದಿನಿಂದ ದಿನಾ ಹೋಗುವಾಗ, ಬರುವಾಗ ಮೀಟರ್ ನೋಡತೊಡಗಿದೆ. ಸೋಮವಾರ ಅಂಕಿ ಅಲ್ಲಾಡಿರಲಿಲ್ಲ. ಮಂಗಳವಾರ, ಬುಧವಾರವೂ ಇಲ್ಲ. ಶುಕ್ರವಾರ ಸಂಜೆ ಬಂದು ನೋಡುತ್ತೇನೆ, ಹನ್ನೊಂದು ಯುನಿಟ್ ಓಡಿತ್ತು. ಬಿಲ್ಲು ಏರಿದ್ದಕ್ಕೆ ಹಿಗ್ಗಿದ ಬಾಡಿಗೆದಾರಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಭಾನುವಾರ ಖಂಡಿತ ಕರೆಯುತ್ತಾರೆ ಎಂದುಕೊಂಡು ಸೂಪರ್‌ಮಾರ್ಕೆಟ್ಟಿನಿಂದ ಒಂದು ಹೂಗುಚ್ಛ ತಂದಿಟ್ಟುಕೊಂಡೆ.

ಕರೆಯಲಿಲ್ಲ.

ಸೋಮವಾರ ಒಂಬತ್ತೂವರೆಯ ಹೊತ್ತಿಗೆ ತಡವಾಗಿ ಆಫೀಸಿಗೆ ಹೊರಟೆ. ಸ್ಟೋರ್ ರೂಮಿನ ಸಣ್ಣ ಕಿಟಕಿಯಲ್ಲಿ ಆಂಟಿ ಕಂಡರು. ವಾಷಿಂಗ್ ಮಷೀನಿನ ಪಕ್ಕ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಕೋಟು, ಟೋಪಿ ಎರಡೂ ಇರಲಿಲ್ಲ. ನಾನು ಕೈ ಎತ್ತಿದೆ. ಅವರು ನನ್ನನ್ನು ನೋಡಿದರು, ಲೋಟ ಕೆಳಗಿಟ್ಟರು, ಎದ್ದು ಬಂದು ಪರದೆ ಎಳೆದರು.