ಒಂದು ಕಡ್ಡಿ ಹುಲ್ಲು

ಕಂಬಳಿ ಪೆಟ್ಟಿಗೆಯ ಮುಚ್ಚಳ ಅರ್ಧಕ್ಕೇ ಸಿಕ್ಕಿಕೊಂಡಿತು. ಸೊಸೆ ಮೊಣಕಾಲೂರಿ, ಅತ್ತೆ ಮಾಡುತ್ತಿದ್ದಂತೆಯೇ ಎಡಮೂಲೆಗೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟಳು. ಮುಚ್ಚಳ ಬಿಟ್ಟುಕೊಂಡಿತು. ಒಣಗಿದ ಅಕ್ರೋಟು ಎಲೆಯ ಒಗರು ವಾಸನೆ ಮುಖಕ್ಕೆ ಬಡಿಯಿತು.

"ಸಿಕ್ತಾ?" ಹೊರಗಿನ ಕೋಣೆಯಿಂದ ಗಂಡ ಕೇಳಿದ. "ಬಡಗಿ ಬಂದಿದಾನೆ. ಅಮ್ಮನಿಗೆ ಹೊದಿಸಿಬಿಡೋಣ ಅಂತಿದಾರೆ."

"ಸಿಕ್ತು ರೀ. ಬೂದುಬಣ್ಣದ್ದು ತಾನೇ?"

"ಅದೇ. ಅವಳೇ ನೇಯ್ದಿದ್ದು."

ಚಳಿಗಾಲ ಇನ್ನೂ ಪೂರ್ತಿ ಶುರುವಾಗಿರಲಿಲ್ಲ. ಈ ವರ್ಷ ಪೆಟ್ಟಿಗೆ ತೆರೆಯುವ ಮೊದಲೇ ಅತ್ತೆ ಹೋಗಿಬಿಟ್ಟಿದ್ದರು. ಸೊಸೆ ಕಂಬಳಿಯನ್ನು ಕೊಡವಿ ಎಲೆಗಳನ್ನೆಲ್ಲ ಉದುರಿಸಿದಳು. ಮಡಿಕೆಯ ಒಳಗಿಂದ ಒಂದೇ ಒಂದು ಕಡ್ಡಿ ಹುಲ್ಲು ಜಾರಿ ನೆಲಕ್ಕೆ ಬಿತ್ತು. ಅದನ್ನು ಮಾತ್ರ ಅವಳು ಎತ್ತಿಕೊಂಡು, ಇದ್ದ ಜಾಗಕ್ಕೇ ಸಿಕ್ಕಿಸಿದಳು. ಬೇಸಿಗೆಯ ಮೊದಲಿಗೆ ಕಂಬಳಿ ಎತ್ತಿಡುವಾಗ, ಎಲೆ ಹಾಸಿದ ಮೇಲೆ ಅತ್ತೆ ಆ ಕಡ್ಡಿಯನ್ನು ಇಟ್ಟದ್ದನ್ನು ಅವಳು ನೋಡಿದ್ದಳು. ಯಾಕೆಂದು ಕೇಳಿರಲಿಲ್ಲ. ಬೆಟ್ಟದವರ ಪದ್ಧತಿ ಇರಬೇಕು ಎಂದುಕೊಂಡಿದ್ದಳು.

*

ಮದುವೆಯಾಗಿ ಅವಳು ಈ ಬೆಟ್ಟ ಹತ್ತಿದ್ದು ಹಿಮ ಕರಗುವ ಹೊತ್ತಿಗೆ. ಬಯಲಿನ ಪಟ್ಟಣದಲ್ಲಿ, ಮೂರನೇ ಮಹಡಿಯ ಮನೆಯಲ್ಲಿ ಬೆಳೆದವಳು. ಅಲ್ಲಿ ಕಾಲ ಬದಲಾದರೆ ಫ್ಯಾನು ಹಾಕುತ್ತಿದ್ದರು, ಇಲ್ಲವೇ ಆರಿಸುತ್ತಿದ್ದರು, ಅಷ್ಟೆ. ಇಲ್ಲಿ ಕಾಲದ ಜೊತೆಗೆ ಅಡುಗೆಮನೆಯೇ ಜಾಗ ಬದಲಿಸುತ್ತಿತ್ತು.

ಮೊದಲ ಪಾಠ, ಮುಟ್ಟಿದರೆ ಉರಿಯುವ ಸೊಪ್ಪನ್ನು ಕೈಗೆ ಕಾಲುಚೀಲ ಹಾಕಿಕೊಂಡು ಕೊಯ್ಯುವುದು. ಆಮೇಲೆ ನೊಣ ಬರುವ ಮೊದಲೇ ಗೋಡೆಗೆ ಸುಣ್ಣ. ಬೇಸಿಗೆಯಲ್ಲಿ ಉಣ್ಣೆ ಬಿಸಿಲಿಗೆ ಹಾಕುವುದು, ಎಳೆ ಹುರುಳಿಕಾಯಿಯನ್ನು ದಾರಕ್ಕೆ ಪೋಣಿಸಿ ಜಂತಿಗೆ ಕಟ್ಟುವುದು. ಬೇಸಿಗೆ ಇಳಿದ ಮೇಲೆ ಬೆಟ್ಟದ ಹುಲ್ಲು ತಂದು ಪೊರಕೆ ಕಟ್ಟುವುದು. ಅವಳು ಕಟ್ಟಿದ ಮೊದಲ ಪೊರಕೆ ಹೊಸ್ತಿಲು ದಾಟುವುದರೊಳಗೆ ಬಿಚ್ಚಿಕೊಂಡಿತು.

"ಗುಡಿಸೋಕೆ ಅಂತ ಕಟ್ಟಿದ್ಯೋ, ಗುಡಿಸಿ ಹಾಕೋಕೆ ಅಂತ ಕಟ್ಟಿದ್ಯೋ?" ಎಂದಿದ್ದರು ಅತ್ತೆ. ಆದರೆ ಬಿಚ್ಚಿದ್ದನ್ನು ತಾವೇ ಹೆಕ್ಕಿ, ಅವಳ ಬೆರಳ ಮೇಲೆ ತಮ್ಮ ಬೆರಳಿಟ್ಟು, ಹುಲ್ಲನ್ನು ತಿರುಚಿ ಬಿಗಿಯುವುದನ್ನು ಮತ್ತೆ ಮೊದಲಿಂದ ತೋರಿಸಿದ್ದರು.

ಸೇಬನ್ನು ಅಕ್ರೋಟು ಎಲೆಯಲ್ಲಿ ಇಡುವಾಗಲಂತೂ ಇಬ್ಬರೂ ನಕ್ಕದ್ದೇ ನಕ್ಕದ್ದು.

"ಒಂದನ್ನೊಂದು ಮುಟ್ಟಬಾರದು ಕಣೇ. ಮಾತು ಬಿಟ್ಟವರ ಥರ ಇರಬೇಕು. ಇಲ್ಲದಿದ್ರೆ ಒಬ್ಬಳ ಕೊಳೆ ಇನ್ನೊಬ್ಬಳಿಗೆ."

"ಅತ್ತೆ ಸೊಸೆ ಥರಾನಾ?"

"ನೀನು ಹೀಗೇ ಮಾತಾಡ್ತಿರು, ನಿನ್ನನ್ನೂ ಎಲೆ ಸುತ್ತಿ ಪೆಟ್ಟಿಗೇಲಿ ಇಡ್ತೀನಿ."

ಆಮೇಲೆ ಅತ್ತೆಗೆ ಜ್ವರ ಬಂತು. ಎದೆಗೆ ಇಳಿಯಿತು. ಹಾಸಿಗೆ ಬಿಟ್ಟು ಏಳಲಾರರು ಎಂದು ಗೊತ್ತಾದ ದಿನ ಸೊಸೆ ಪಕ್ಕದಲ್ಲಿ ಕೂತು ಕೇಳಿದ್ದಳು.

"ಚಳಿಗಾಲದ್ದು ಹೇಳಿಬಿಡಿ ಅತ್ತೆ. ಕಿಟಕಿ ಹೇಗೆ ಮುಚ್ಚೋದು? ನಲ್ಲಿ ನೀರು ಗಟ್ಟಿಯಾಗದ ಹಾಗೆ ಏನು ಮಾಡೋದು? ನನಗೊಂದೂ ಗೊತ್ತಿಲ್ಲ."

"ಹಿಮ ಬೀಳಲಿ."

"ಈಗಲೇ ಹೇಳಿದ್ರೆ ಏನಾಗುತ್ತೆ?"

"ಗಾಳಿ ಬಂದಾಗ ತೂರ್ಕೋಬೇಕು. ಈಗಲೇ ತೂರಿದ್ರೆ ಹೊಟ್ಟೆಲ್ಲ ಕಣ್ಣಿಗೇ ಬೀಳುತ್ತೆ," ಎಂದು ಅತ್ತೆ ಗೋಡೆಯ ಕಡೆ ತಿರುಗಿದ್ದರು. ಮತ್ತೆ ಆ ಮಾತು ಬರಲಿಲ್ಲ. ಅಡುಗೆಮನೆಗೆ ಹೋಗಿ ಸುಮ್ಮನೆ ಒಲೆ ನೋಡುತ್ತ ನಿಂತಾಗ ಸೊಸೆಗೆ ಅನಿಸಿತ್ತು, ಎಷ್ಟಾದರೂ ಬಯಲಿನವಳು ತಾನು. ಮನೆಯನ್ನು ಪೂರ್ತಿ ಕೈಗೆ ಕೊಡಲು ಅತ್ತೆಗೆ ಮನಸ್ಸು ಬರಲಿಲ್ಲವೇನೋ.

*

ಬಡಗಿ ಶವಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು ಪಕ್ಕಕ್ಕೆ ನಿಂತಿದ್ದ. ಸತ್ತವರ ನಾದಿನಿ, ಮನೆಯವರೆಲ್ಲ ದೊಡ್ಡತ್ತೆ ಎಂದು ಕರೆಯುವವರು, ಕಣಿವೆಯ ಊರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಅತ್ತಿಗೆಯ ಭುಜದ ಮೇಲೆ ಕಂಬಳಿ ಸರಿಮಾಡುತ್ತಿದ್ದ ಅವರ ಬೆರಳಿಗೆ ಏನೋ ಚುಚ್ಚಿತು.

"ಇದೇನೇ ಇದು, ಹುಲ್ಲು?"

"ಇಡಬೇಕಲ್ವಾ ದೊಡ್ಡತ್ತೆ? ಪದ್ಧತಿ ಅಲ್ವಾ?" ಸೊಸೆ ಅಳುಕುತ್ತ ಕೇಳಿದಳು.

ದೊಡ್ಡತ್ತೆ ಆ ಕಡ್ಡಿಯನ್ನೇ ನೋಡಿದರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಪಕ್ಕದ ಮನೆಯ ಬೇಕರಿಯವಳು ಬೆನ್ನು ಸವರಲು ಬಂದರೆ, ಅವರು ನಗುತ್ತಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲದ ನಗು.

"ಅಯ್ಯೋ ದೊಡ್ಡಮ್ಮ! ಹೆಣದ ಮುಂದೆ ನಗ್ತಾರಾ ಯಾರಾದ್ರೂ!" ಎಂದಳು ಬೇಕರಿಯವಳು.

"ಅವಳು ಎದ್ದು ಕೂತಿದ್ರೆ ನನಗಿಂತ ಜಾಸ್ತಿ ನಗ್ತಿದ್ಲು. ಪದ್ಧತಿಯಂತೆ, ಪದ್ಧತಿ!" ದೊಡ್ಡತ್ತೆ ಕಣ್ಣೊರೆಸಿಕೊಂಡರು. "ನಮ್ಮತ್ತಿಗೆ ಕೂಡ ಬಯಲಿಂದಲೇ ಬಂದವಳು, ಗೊತ್ತಾ ನಿನಗೆ?"

ಸೊಸೆಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಅತ್ತೆಯನ್ನು ನೋಡಿದರೆ ಈ ಬೆಟ್ಟದ ಕಲ್ಲಿನೊಳಗಿಂದಲೇ ಎದ್ದು ಬಂದವರಂತೆ ಕಾಣುತ್ತಿದ್ದರು.

"ನಮ್ಮಮ್ಮನಿಗೆ ಪುರುಸೊತ್ತು ಎಲ್ಲಿತ್ತು? ಹೊಸ ಸೊಸೇನ ಕೂರಿಸ್ಕೊಂಡು ಒಂದೇ ಮಧ್ಯಾಹ್ನ ನಾಲ್ಕೂ ಕಾಲದ್ದು ಒದರಿಬಿಟ್ಲು. ಕಂಬಳಿಗೆ ಎಲೆ ಹಾಸು, ಸೇಬಿಗೆ ಹುಲ್ಲು ಹಾಸು ಅಂದ್ಲು. ಇವಳು ಕಂಬಳಿಗೆ ಹುಲ್ಲು ಹಾಸಿ, ಸೇಬಿಗೆ ಎಲೆ ಹಾಸಿದ್ಲು."

"ಆಮೇಲೆ?" ಬಡಗಿ ಮುಚ್ಚಳವನ್ನು ಗೋಡೆಗೆ ಒರಗಿಸಿದ.

"ಆಮೇಲೇನು! ಚಳಿಗಾಲಕ್ಕೆ ಕಂಬಳಿ ಹೊದ್ಕೊಂಡು ನಮ್ಮಣ್ಣ ಬೆಳಗಿನವರೆಗೂ ಕೆರ್ಕೊಂಡ. ಅತ್ತಿಗೆ ತಲೆ ಎತ್ತಲಿಲ್ಲ ಪಾಪ. ಅಮ್ಮ ಬಯ್ಯೋಕೆ ಅಂತ ಸೇಬಿನ ಪೆಟ್ಟಿಗೆ ತೆಗೆದ್ರೆ, ಒಂದಕ್ಕೂ ಹುಳ ಬಿದ್ದಿಲ್ಲ, ಒಂದನ್ನೂ ಇಲಿ ಮುಟ್ಟಿಲ್ಲ. ಹಿಮ ಕರಗೋವರೆಗೂ ತಿಂದ್ವಿ. ಯಾರೂ ಏನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಮುಂದಿನ ವರ್ಷ ನೋಡಿದ್ರೆ ಎಲ್ಲರ ಮನೆ ಸೇಬಿನ ಪೆಟ್ಟಿಗೇಲೂ ಎಲೆ!"

ಬೇಕರಿಯವಳ ಬಾಯಿ ತೆರೆದೇ ಇತ್ತು. "ಅದು ತಲೆತಲಾಂತರದಿಂದ ಬಂದದ್ದು ಅಂತ ನಮ್ಮಜ್ಜಿ ಹೇಳೋರು!"

"ನಿಮ್ಮಜ್ಜೀನೇ ಮೊದಲು ಬಂದು ಮುಚ್ಚಳ ಎತ್ತಿ ನೋಡಿದವಳು."

ಈಗ ಬಡಗಿಯೂ ನಕ್ಕ. ಮೂಲೆಯಲ್ಲಿ ನಿಂತಿದ್ದ ಗಂಡ ನಗುತ್ತಲೇ ಕಣ್ಣು ಒರೆಸಿಕೊಂಡ. "ಅಪ್ಪ ಅವಳನ್ನ ಹುಲ್ಲಮ್ಮ ಅಂತಿದ್ದದ್ದು ಇದಕ್ಕಾ?"

"ಇದಕ್ಕೇ. ಪ್ರತಿ ವರ್ಷ ಅವಳ ಕಂಬಳೀಲಿ ಒಂದು ಕಡ್ಡಿ ಇಟ್ಟು ಕಾಡಿಸೋನು. ಅವನು ಹೋದ ಮೇಲೆ..." ದೊಡ್ಡತ್ತೆಯ ದನಿ ಇಳಿಯಿತು. "ಅವನು ಹೋದ ಮೇಲೆ ತಾನೇ ಇಟ್ಕೋತಿದ್ಲು ಅಂತ ನನಗೂ ಗೊತ್ತಿರಲಿಲ್ಲ."

ಅವರು ಕಡ್ಡಿಯನ್ನು ಬೆರಳ ನಡುವೆ ತಿರುಗಿಸಿದರು.

"ಆ ಕಂಬಳಿ ಎಡವಟ್ಟಾಯ್ತಲ್ಲ, ಆವತ್ತೇ ಅಂದಿದ್ಲು ನನ್ನ ಹತ್ರ. ನನಗೊಬ್ಬಳು ಸೊಸೆ ಬಂದ್ರೆ ಅವಳ ತಲೆ ಮೇಲೆ ಎಲ್ಲಾ ಒಟ್ಟಿಗೆ ಸುರಿಯಲ್ಲ, ಆಯಾ ಕಾಲದ್ದು ಆಯಾ ಕಾಲಕ್ಕೇ ಹೇಳ್ತೀನಿ, ಅವಳು ನನ್ನ ಹಾಗೆ ತಲೆ ತಗ್ಗಿಸಬಾರದು, ಅಂತ."

ಸೊಸೆ ದೊಡ್ಡತ್ತೆಯ ಕೈಯಿಂದ ಕಡ್ಡಿಯನ್ನು ತೆಗೆದುಕೊಂಡಳು. ಬಗ್ಗಿ, ಅತ್ತೆಯ ಭುಜದ ಹತ್ತಿರ, ಚುಚ್ಚದ ಹಾಗೆ, ಕಂಬಳಿಯ ಮಡಿಕೆಯೊಳಗೆ ಸಿಕ್ಕಿಸಿದಳು. ಬಗ್ಗಿದವಳು ಬೇಗ ಏಳಲಿಲ್ಲ. ಬಡಗಿ ಕಾದ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಮೋಡ ಬೆಟ್ಟದ ಸೊಂಟಕ್ಕೆ ಇಳಿದಿತ್ತು. ದಾರಿ ಮುಚ್ಚೀತೆಂದು ದೊಡ್ಡತ್ತೆ ಬಸ್ಸಿಗೆ ಅವಸರ ಮಾಡಿದರು. ಸೊಸೆ ನಿಲ್ದಾಣದವರೆಗೂ ಹೋದಳು.

"ಚಳಿಗಾಲದ್ದು ನೀವಾದ್ರೂ ಹೇಳಿ ಹೋಗಿ ದೊಡ್ಡತ್ತೆ."

"ನಾನಾ? ಕೆಳಗಿನ ಊರಿಗೆ ಹೋಗಿ ಎಲ್ಲಾ ಮರೆತಿದೀನಿ. ನಾನು ಹೇಳಿದ್ರೆ ಈ ಸಲ ನಿನ್ನ ಗಂಡ ಕೆರ್ಕೋಬೇಕಾಗುತ್ತೆ, ಅಷ್ಟೆ." ಬಸ್ಸು ಹತ್ತಿ, ಕಿಟಕಿಯಿಂದ ಕೈ ಚಾಚಿ ಅವಳ ಕೆನ್ನೆ ಹಿಂಡಿದರು. "ಕೈ ಕಲಿತಿದೆಯಲ್ಲ, ಸಾಕು ಹೋಗು."

ಮನೆಯಲ್ಲಿ ಅತ್ತೆಯ ಕೋಣೆ ಖಾಲಿಯಿತ್ತು. ಹಚ್ಚಿಟ್ಟ ದೀಪದ ಕುಡಿ ಕಿಟಕಿಯ ಸಂದಿನ ಗಾಳಿಗೆ ಮಲಗಿ ಮಲಗಿ ಏಳುತ್ತಿತ್ತು. ಸೊಸೆ ಅದನ್ನು ನೋಡುತ್ತ ನಿಂತಳು. ಆಮೇಲೆ ಹಿತ್ತಿಲ ಬಣವೆಯಿಂದ ಒಂದು ತೆಕ್ಕೆ ಹುಲ್ಲು ತಂದಳು. ಅತ್ತೆಯ ಹಳೆಯ ಸೀರೆಯ ಹರಕನ್ನು ಉದ್ದಕ್ಕೆ ಸೀಳಿದಳು. ಪೊರಕೆಯ ಹಿಡಿ ತಿರುಚಿ ಬಿಗಿದಂತೆ ಹುಲ್ಲನ್ನು ತಿರುಚಿದಳು, ಬಟ್ಟೆ ಸುತ್ತಿ ಬಿಗಿದಳು, ಹಗ್ಗದಷ್ಟು ಉದ್ದವಾದ ಮೇಲೆ ಚೌಕಟ್ಟಿನ ಸಂದಿಗೆ ಒತ್ತಿ ಒತ್ತಿ ತುಂಬಿದಳು. ಈ ಸಲ ಬಿಚ್ಚಿಕೊಳ್ಳಲಿಲ್ಲ. ದೀಪದ ಕುಡಿ ನೆಟ್ಟಗೆ ನಿಂತಿತು.

ಬೇಕರಿಯವಳು ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಮೈದಾ ಅಂಟಿನ ಪಾತ್ರೆ, ಕಂಕುಳಲ್ಲಿ ಹಳೆಯ ಪೇಪರಿನ ಕಟ್ಟು.

"ನಿನಗೆ ಕಿಟಕಿ ತೋರಿಸಿಕೊಡೋಣ ಅಂತ ಬಂದೆ ಕಣೇ. ಸಂದಿಗೆ ಪೇಪರು ಅಂಟಿಸಬೇಕು. ಪ್ರತಿ ವರ್ಷ ಒಂದೆರಡು ಸಲ ಕಿತ್ತು ಬರುತ್ತೆ, ಮತ್ತೆ ಅಂಟಿಸೋದು..." ಅವಳ ಕಣ್ಣು ಹುಲ್ಲು ತುಂಬಿದ ಸಂದಿಗೆ ಬಿತ್ತು.

ಅವಳು ಕಿಟಕಿಯ ಹತ್ತಿರ ಹೋದಳು. ಕೆನ್ನೆಯನ್ನು ಸಂದಿಗೆ ಹಿಡಿದಳು. ಮೇಲೆ ಹಿಡಿದಳು, ಕೆಳಗೆ ಹಿಡಿದಳು. ಬೆರಳಿಂದ ಒತ್ತಿ ನೋಡಿದಳು.

"ಹೀಗೆ ಮಾಡಬಾರದಾ ಅಕ್ಕ?"

"ಹೂಂ... ಪದ್ಧತಿ ಏನೋ ಇದಲ್ಲ." ಬೇಕರಿಯವಳು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು. "ಅಂಟು ಇಲ್ಲೇ ಇರಲಿ. ಯಾವುದಕ್ಕಾದ್ರೂ ಬರುತ್ತೆ. ಊಟ ಕಳಿಸ್ತೀನಿ, ಒಲೆ ಹಚ್ಚಬೇಡ."

ಅವಳು ಹೋದ ಮೇಲೆ ಸೊಸೆ ಗಾಜಿನ ಮೇಲಿನ ಮಂಜನ್ನು ಅಂಗೈಯಿಂದ ಒರೆಸಿದಳು. ಹೊರಗೆ ವರ್ಷದ ಮೊದಲ ಹಿಮ ಬೀಳುತ್ತಿತ್ತು. ಬೇಕರಿಯವಳು ಹಿತ್ತಿಲ ಬಣವೆಯ ಹತ್ತಿರ ನಿಂತು ಆ ಕಡೆ ಈ ಕಡೆ ನೋಡಿದಳು. ಒಂದು ಹಿಡಿ ಹುಲ್ಲು ಎಳೆದುಕೊಂಡು ಶಾಲಿನೊಳಗೆ ಮುಚ್ಚಿಕೊಂಡು, ಬೇಗಬೇಗ ತನ್ನ ಮನೆಯ ಕಡೆ ನಡೆದಳು. ಅವಳ ಹಿಂದೆ, ಬಿಳಿಯಾಗುತ್ತಿದ್ದ ದಾರಿಯ ಮೇಲೆ, ಒಂದೊಂದೇ ಕಡ್ಡಿ ಉದುರುತ್ತಿತ್ತು.