ಮುಖ ಬರೆಯದ ಚಿತ್ರಗಾರ

ಕಾಲುಚೀಲವೆಂದುಕೊಂಡು ಹಾತ್ಸು ಕಪಾಟಿನ ಮೇಲ್ತಟ್ಟಿನಿಂದ ಎಳೆದದ್ದು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ್ದ ಒಂದು ಚಿತ್ರ. ಅರ್ಧ ಬಿಚ್ಚಿ ನೋಡಿದವಳು ಅಲ್ಲಿಯೇ ಮಂಡಿಯೂರಿ ಕುಳಿತುಬಿಟ್ಟಳು.

"ಕಿನು, ಸ್ವಲ್ಪ ಒಳಗೆ ಬಾ. ಬಂದ ಮೇಲೆ ಬಾಗಿಲು ಎಳ್ಕೋ."

ಕಿನು ಮುಂದಿನ ಕೋಣೆಯಲ್ಲಿ ಬಂದವರಿಗೆ ಚಹಾ ಕೊಡುತ್ತಿದ್ದಳು. ಅಲ್ಲಿ ಅವಳ ಗಂಡ ತೊಮೆಜಿ ಮುಖದ ಮೇಲೆ ಬಿಳಿ ಬಟ್ಟೆ ಹೊದ್ದು, ಉತ್ತರಕ್ಕೆ ತಲೆಯಿಟ್ಟು ಮಲಗಿದ್ದ. ಎರಡು ಗಂಟೆಗೆ ಶವ ಒಯ್ಯುವ ಗಾಡಿ ಬರುವುದಿತ್ತು. ಅಷ್ಟರೊಳಗೆ ಅವನಿಗೆ ಬಿಳಿ ಬಟ್ಟೆ ತೊಡಿಸಬೇಕು, ಬಿಳಿ ಕಾಲುಚೀಲ ಹಾಕಬೇಕು. ಆ ಕೆಲಸವನ್ನು ಅವನ ಅಕ್ಕ ಹಾತ್ಸು ತಾನೇ ಮೈಮೇಲೆ ಎಳೆದುಕೊಂಡಿದ್ದಳು. ಎಪ್ಪತ್ತು ದಾಟಿದ್ದರೂ ಆಕೆಯ ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

"ಇದನ್ನ ನೀನು ನೋಡಿದೀಯಾ?" ಎಂದಳು ಹಾತ್ಸು, ಚಿತ್ರವನ್ನು ಚಾಪೆಯ ಮೇಲೆ ಬಿಡಿಸುತ್ತಾ.

ಸಾಮುರಾಯಿಗಳ ಕಾಲದ ಎದೊ ಪಟ್ಟಣದ ಬೀದಿ. ಮರಣದಂಡನೆಯಾದ ಹೆಂಗಸೊಬ್ಬಳನ್ನು ಕಟ್ಟಿ, ಕುದುರೆಯ ಮೇಲೆ ಕೂರಿಸಿ ಊರೆಲ್ಲ ಮೆರೆಸುತ್ತಿದ್ದಾರೆ. ಹೆಂಚುಗಳು, ಕಾವಲುಗಾರರ ಹುಲ್ಲಿನ ಟೋಪಿ, ಅಪರಾಧ ಬರೆದ ಹಲಗೆ, ಕುದುರೆಯ ಕಾಲಿಗೆ ಕಟ್ಟಿದ ಹುಲ್ಲಿನ ಜೋಡು, ಎಲ್ಲವೂ ತೊಮೆಜಿಯ ಎಂದಿನ ಕೈಚಳಕವೇ. ಕತ್ತನ್ನು ಬಳಸಿ, ತೋಳುಗಳನ್ನು ಹಿಂದಕ್ಕೆ ಸೆಳೆದ ಸೆಣಬಿನ ಹಗ್ಗವೂ ಎಂದಿನದೇ. ಆದರೆ ಅವನ ಚಿತ್ರಗಳ ಹೆಂಗಸರು ಬೆನ್ನು ತಿರುಗಿಸಿರುತ್ತಿದ್ದರು. ಇಲ್ಲವೇ ತಲೆ ತಗ್ಗಿಸಿ, ಬಿಚ್ಚಿದ ಕೂದಲಲ್ಲಿ ಮುಖ ಮರೆಸಿಕೊಂಡಿರುತ್ತಿದ್ದರು. ಇವಳು ತಲೆಯೆತ್ತಿ ನೆಟ್ಟಗೆ ನೋಡುತ್ತಿದ್ದಳು. ಅಂಗೈಯ ಗುಳಿ ತುಂಬುವಷ್ಟು ದೊಡ್ಡ ಮುಖ. ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತಿದೆ, ಒಂದು ಹಲ್ಲು ಹೋದ ಕಡೆ ಕೆನ್ನೆ ಒಳಗೆ ಸೇರಿದೆ. ವಯಸ್ಸು ಅರವತ್ತೊಂದು.

"ನಿಂದೇ ಅಲ್ವೇನೇ ಇದು?"

"ನಂದೇ."

"ಸಾಯೋ ಕಾಲಕ್ಕೆ ಇವನ ಬುದ್ಧಿ ಎಲ್ಲಿಗೆ ಹೋಗಿತ್ತು?"

ಕಿನುವಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹೊರಗೆ ಹೋಗಿ ಆ ಬಿಳಿ ಬಟ್ಟೆ ಕಿತ್ತೆಸೆದು, ಭುಜ ಹಿಡಿದು ಅಲುಗಾಡಿಸಿ ಕೇಳಬೇಕೆನಿಸಿತು. ಇಪ್ಪತ್ತೈದು ವರ್ಷ ಉಳಿಸಿಕೊಂಡ ಮಾತನ್ನು ಕೊನೆಗೆ ಯಾಕೆ ಮುರಿದಿರಿ ಎಂದು.

"ಆ ಪತ್ರಿಕೆಯವನು ಬೇರೆ ಬಂದು ಕೂತಿದಾನೆ," ಎಂದಳು ಹಾತ್ಸು. "ಅವನ ಕೈಗೇನಾದ್ರೂ ಸಿಕ್ತೋ, ಮುಂದಿನ ತಿಂಗಳು ರೈಲು ನಿಲ್ದಾಣದ ಅಂಗಡೀಲೆಲ್ಲ ನೀನೇ ನೇತಾಡ್ತಿರ್ತೀಯ."

⁂

ಇಪ್ಪತ್ತೈದು ವರ್ಷದ ಹಿಂದೆ, ಯುದ್ಧ ಸೋತ ಮೇಲಿನ ಎರಡನೆಯ ಚಳಿಗಾಲ. ಸೈನಿಕರ ಚಿತ್ರ ಬರೆದು ಬದುಕುತ್ತಿದ್ದ ತೊಮೆಜಿಗೆ ಕೆಲಸವಿರಲಿಲ್ಲ; ಆ ಸೈನಿಕರು ಯಾರಿಗೂ ಬೇಕಿರಲಿಲ್ಲ. ಮಗ ಅಕಿಯೊಗೆ ಏಳು ವರ್ಷ. ಗೆಣಸು ಮುಗಿದು ಗೆಣಸಿನ ಬಳ್ಳಿ ಬೇಯಿಸಿ ತಿನ್ನುತ್ತಿದ್ದ ದಿನಗಳು. ಬಾಗಿಲು ಹಾಕಿಕೊಂಡು ಓದುವಂಥ ಪತ್ರಿಕೆಯೊಂದು ಆಗ ಶುರುವಾಯಿತು. ಹಳೆಯ ಕಾಲದ ಕತೆಗಳು, ಸೆರೆಸಿಕ್ಕ ಹೆಂಗಸರು, ಹಗ್ಗ. ಚಿತ್ರ ಬೇಕು ಎಂದರು.

ಬೇರೆ ಚಿತ್ರಗಾರರು ಕೈಗೆ ಬಂದಂತೆ ಹಗ್ಗ ಗೀಚಿ ಕೊಟ್ಟರು. ತೊಮೆಜಿ ಊರಾಚೆಯ ಒಬ್ಬ ಮುದುಕನನ್ನು ಹುಡುಕಿಕೊಂಡು ಹೋದ. ಆ ಮುದುಕನ ತಾತ ಹಿಂದೆ ಸೆರೆಮನೆಯಲ್ಲಿ ಕೈದಿಗಳನ್ನು ಕಟ್ಟುವ ಕೆಲಸದಲ್ಲಿದ್ದವನು. ಇದ್ದ ಹೊಗೆಸೊಪ್ಪನ್ನೆಲ್ಲ ಅವನಿಗೆ ಕೊಟ್ಟು ತೊಮೆಜಿ ಕಲಿತು ಬಂದ. ಸಾಮುರಾಯಿಗೊಂದು ಕಟ್ಟು, ಸನ್ಯಾಸಿಗೊಂದು, ಹೆಂಗಸಿಗೊಂದು. ತೀರ್ಪಾಗುವ ಮೊದಲು ಬರಿದೇ ಸುತ್ತಬೇಕು, ಗಂಟು ಹಾಕುವಂತಿಲ್ಲ. ಗಂಟು ಬಿತ್ತೆಂದರೆ ಮಾನ ಹೋದಂತೆ. ಮನೆಗೆ ಬಂದವನು ಮೂರು ದಿನ ದಿಂಬಿಗೆ ಹಗ್ಗ ಸುತ್ತಿ ನೋಡಿದ.

"ದಿಂಬಿಗೆ ಭುಜ ಇಲ್ಲ, ಕಿನು," ಎಂದ ನಾಲ್ಕನೆಯ ದಿನ.

"ಅದಕ್ಕೆ?"

"ಸ್ವಲ್ಪ ಹೊತ್ತು ಸಾಕು."

ಅವಳು ಬೇಡವೆನ್ನಬಹುದಿತ್ತು ಎಂದು ಈಗ ಹೇಳುವುದು ಸುಲಭ. ಮೂಲೆಯಲ್ಲಿ ಮಗು ಹೊಟ್ಟೆ ಒತ್ತಿಕೊಂಡು ಮಲಗಿತ್ತು.

"ಮುಖ ಬರೀಬಾರ್ದು," ಎಂದಳು.

"ಬರಿಯಲ್ಲ."

"ಬೇರೆಯವರ ಮುಖಾನೂ ಅಂಟಿಸ್ಬಾರ್ದು. ನನ್ನ ಮೈ ಮೇಲೆ ಇನ್ಯಾವಳ್ದೋ ತಲೆ ಬೇಡ."

"ಆಯ್ತು. ಮುಖಾನೇ ಇಲ್ಲ."

ಹತ್ತಿಯ ಕಿಮೋನೊ ಮೇಲೆ ಅವನು ಹಗ್ಗ ಸುತ್ತಿದ. ಸುತ್ತಿದ ಮೇಲೆ ಹಗ್ಗದಡಿ ಒಂದು ಬೆರಳು ತೂರಿಸಿ, "ನೋವಾಗ್ತಿದ್ಯಾ?" ಎಂದು ಕೇಳಿದ. ಆಮೇಲೆ ಇಪ್ಪತ್ತೈದು ವರ್ಷ, ಪ್ರತಿ ಸಲವೂ ಕೇಳಿದ. ನೋವಾದಾಗಲೂ ಅವಳು ಇಲ್ಲವೆಂದೇ ಹೇಳಿದಳು, ಯಾಕೆಂದರೆ ಬಿಚ್ಚಿ ಮತ್ತೆ ಕಟ್ಟಲು ಇನ್ನರ್ಧ ಗಂಟೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಅಕಿಯೊ ಶಾಲೆಯಿಂದ ಬಂದುಬಿಡುತ್ತಿದ್ದ.

⁂

ಆ ಪತ್ರಿಕೆಯ ಸಂಪಾದಕ ಮುನಕಾತಾ ಮುಂದಿನ ಕೋಣೆಯಲ್ಲಿ, ಅಕಿಯೊ ಪಾಠ ಹೇಳುವ ಶಾಲೆಯ ಹೆಡ್‌ಮಾಸ್ತರರ ಪಕ್ಕದಲ್ಲೇ ಕುಳಿತಿದ್ದ. ಕಿನು ಹೊರಬಂದ ಕೂಡಲೇ ಅಕಿಯೊ ಅವಳನ್ನು ಅಡುಗೆಮನೆಗೆ ಕರೆದೊಯ್ದ.

"ಅಮ್ಮ, ಆ ಮನುಷ್ಯನ್ನ ಹೆಡ್‌ಮಾಸ್ತರ ಪಕ್ಕ ಯಾಕೆ ಕೂರ್ಸಿದೆ?"

"ಅವರೇ ಕೂತ್ರು. ಅಲ್ಲಿ ಒಲೆ ಇದೆ, ಬೆಚ್ಚಗಿರತ್ತೆ."

"ಅಪ್ಪ ಪಠ್ಯಪುಸ್ತಕಕ್ಕೆ ಇತಿಹಾಸದ ಚಿತ್ರ ಬರೀತಿದ್ರು ಅಂತ ಹೇಳಿದೀನಿ ನಾನು."

"ಎರಡು ವರ್ಷ ಬರೆದಿದ್ರಲ್ಲ. ಸುಳ್ಳೇನಲ್ಲ."

ಅಕಿಯೊ ಮುಂದಿನ ಕೋಣೆಗೆ ಹಿಂದಿರುಗಿದ. ಮೂವತ್ತೆರಡು ವರ್ಷದ ಮಗ. ಚಿಕ್ಕವನಿದ್ದಾಗ ಒಮ್ಮೆ ಮಧ್ಯಾಹ್ನವೇ ಶಾಲೆ ಬಿಟ್ಟು ಬಂದು, ಬಾಗಿಲ ಸಂದಿಯಿಂದ ನೋಡಿ, ಚೀಲ ಅಲ್ಲೇ ಇಟ್ಟು ಓಡಿಹೋಗಿದ್ದ. ಆ ದಿನದ ಬಗ್ಗೆ ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹಿಂದೆಯೇ ಮುನಕಾತಾ ಬಂದ. ಮಂಡಿನೋವಿನ ಮನುಷ್ಯ, ಗೋಡೆ ಹಿಡಿದು ನಿಂತ.

"ಅಮ್ಮಾವ್ರೇ, ಇಂಥ ದಿನ ಕೇಳಬಾರ್ದು. ಆದ್ರೂ ಕೇಳ್ತೀನಿ. ಹೋದ ಶರತ್ಕಾಲದಲ್ಲಿ ತೊಮೆಜಿ ಫೋನ್ ಮಾಡಿದ್ರು. ಈ ಸಲ ಮುಖ ಇದೆ ಅಂದ್ರು."

ಕಿನು ಬಟ್ಟಲುಗಳನ್ನು ತೊಳೆಯುತ್ತಲೇ ಇದ್ದಳು.

"ನಮ್ಮ ಕಡೆ ಅವರನ್ನ 'ತಲೆ ಇಲ್ಲದ ತೊಮೆಜಿ' ಅಂತ ಆಡ್ಕೊಳ್ತಿದ್ರು, ನಿಮಗೂ ಗೊತ್ತು. ಹಗ್ಗ ಬರಿಯೋದ್ರಲ್ಲಿ ಅವರಷ್ಟು ಚೊಕ್ಕ ಯಾರೂ ಇರಲಿಲ್ಲ. ಮುಖ ಇಲ್ಲ ಅಂತ ಮುಖಪುಟ ಎಲ್ಲ ಬೇರೆಯವರ ಪಾಲಾಯ್ತು. ಮುಖ ಬರೀರಿ, ಮುಂದಿನ ಸಂಚಿಕೆ ನಿಮ್ದೇ ಅಂತ ಎಷ್ಟು ಸಲ ಹೇಳಿದೀನಿ. ಬರೋದಿಲ್ಲ ಅಂದುಬಿಡ್ತಿದ್ರು."

"ಬರೋದಿಲ್ಲ ಅಂದ್ರಾ?"

"ಹೂಂ. ಕಲಿತಿಲ್ಲ ಅಂತ."

ಇದು ಅವಳಿಗೆ ಗೊತ್ತಿರಲಿಲ್ಲ. ಹೆಂಡತಿಯ ಮಾತಿಗೆ ಕಟ್ಟುಬಿದ್ದಿದ್ದೇನೆ ಎನ್ನುವ ಬದಲು ಮುಖ ಬರೆಯಲು ಬಾರದ ಚಿತ್ರಗಾರ ಎನ್ನಿಸಿಕೊಂಡಿದ್ದ. ಅವಳ ಸಿಟ್ಟು ಒಂದು ಗಳಿಗೆ ತಡವರಿಸಿತು.

"ಈಗ ಯಾಕೆ ಅಂತ ಕೇಳಿದೆ," ಎಂದ ಮುನಕಾತಾ. "ಅವಳನ್ನ ನೋಡಿ ನೋಡಿ ಕೈಗೆ ಬಂದುಬಿಟ್ಟಿದೆ, ಬರೀದೆ ಸತ್ರೆ ಕೈ ಸುಮ್ಮನಿರಲ್ಲ ಅಂದ್ರು. ಒಂದೇ ಒಂದು ಮುಖಪುಟ, ಅಮ್ಮಾವ್ರೇ. ಅವರ ಹೆಸರು ದೊಡ್ಡದಾಗಿ ಹಾಕಿಸ್ತೀನಿ."

"ನನ್ನನ್ನ ಕೇಳಬಹುದಿತ್ತು," ಎಂದಳು ಕಿನು.

"ಕೇಳಿದ್ರೆ ನೀವು ಹೂಂ ಅಂತಿದ್ರಾ?"

"ಇಲ್ಲ."

"ಅದಕ್ಕೇ ಕೇಳಿಲ್ಲ."

ಮುನಕಾತಾ ಅದನ್ನು ಸಮಾಧಾನವೆಂಬಂತೆ ಹೇಳಿದ. ಅವಳು ಬಟ್ಟಲನ್ನು ಬೋರಲು ಹಾಕಿ, "ಮುಖ ಇರೋ ಚಿತ್ರ ಈ ಮನೇಲಿ ಇಲ್ಲ," ಎಂದಳು.

⁂

ಹೋದ ಬೇಸಿಗೆಯಿಂದ ತೊಮೆಜಿಗೆ ಏಳಲಾಗುತ್ತಿರಲಿಲ್ಲ. ಕಿನು ಗಂಜಿ ಕುಡಿಸುವಾಗ ಅವಳ ಮುಖವನ್ನೇ ದಿಟ್ಟಿಸುತ್ತಿದ್ದ. ಚಮಚ ತುಟಿಗೆ ತಾಗಿದರೂ ಬಾಯಿ ತೆರೆಯುತ್ತಿರಲಿಲ್ಲ.

"ಏನ್ರೀ ಹಾಗೆ ನೋಡ್ತೀರಾ?"

"ಬೆಳಕು ಚೆನ್ನಾಗಿದೆ."

ಜ್ವರದ ಮಾತು ಎಂದುಕೊಂಡಿದ್ದಳು. ಅವಳ ಮುಖವನ್ನು ಯಾರೂ ಅಷ್ಟು ಹೊತ್ತು ನೋಡಿದವರಿಲ್ಲ. ಅವಳಿಗೆ ಹಿತವೂ ಆಗಿತ್ತು. ಅವಳು ಸೊಪ್ಪು ತರಲು ಹೋದಾಗ ಅವನು ತೆವಳಿಕೊಂಡು ಮೇಜಿನ ಬಳಿ ಹೋಗುತ್ತಿದ್ದಿರಬೇಕು. ಆ ಹಿತವೂ ಈಗ ಕದ್ದ ಮಾಲಿನಂತೆ ಕಂಡಿತು.

⁂

ಶವವನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಸೇವಂತಿಗೆ ತುಂಬಿದ್ದಾಯಿತು. ಸಂಸ್ಕಾರದ ಏರ್ಪಾಡಿನವನು ಪ್ರತಿ ಮನೆಯಲ್ಲೂ ಹೇಳುವ ಮಾತನ್ನು ಇಲ್ಲಿಯೂ ಹೇಳಿದ.

"ಇಷ್ಟದ ವಸ್ತು ಏನಾದ್ರೂ ಇದ್ರೆ ಈಗ ಇಡಬಹುದು. ಕನ್ನಡಕ, ಲೋಹ ಬೇಡ. ಬದುಕಿರೋರ ಚಿತ್ರ ಅಂತೂ ಇಡಲೇಬೇಡಿ."

ಬದುಕಿರುವವರ ಚಿತ್ರ ಚಿತೆಗೆ ಬಿದ್ದರೆ ಸತ್ತವರು ಅವರನ್ನೂ ಜೊತೆಗೆ ಎಳೆದೊಯ್ಯುತ್ತಾರೆ ಎಂಬುದು ಮಕ್ಕಳಿಗೂ ಗೊತ್ತಿದ್ದ ಮಾತು. ಹಾತ್ಸು ಕಿನುವಿನ ತೋಳು ಹಿಡಿದು ಒಳಕ್ಕೆ ಎಳೆದಳು.

"ನೀನು ಅದನ್ನ ಒಳಗಿಡೋ ಯೋಚ್ನೇಲಿದೀಯ. ನನಗೆ ಗೊತ್ತು."

"ಇನ್ನೇನ್ಮಾಡ್ಲಿ ಅತ್ತಿಗೆ? ಮನೇಲಿಟ್ರೆ ನಾನು ಸತ್ತ ಮೇಲೆ ಅಕಿಯೊ ಕೈಗೆ ಸಿಗತ್ತೆ. ಮುನಕಾತಾ ಕೈಗೆ ಕೊಟ್ರೆ ಊರಿಗೇ ಸಿಗತ್ತೆ."

"ಒಲೆಗೆ ಹಾಕು."

"ಅದರಲ್ಲೂ ನಾನೇ ತಾನೇ ಉರಿಯೋದು."

ಕಿನು ಹೊಲಿಗೆಯ ಡಬ್ಬಿಯಿಂದ ಕತ್ತರಿ ತೆಗೆದಳು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೊನೆಯ ಸಲ ಪೂರ್ತಿ ನೋಡಿದಳು. ಅವನು ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳುವುದೇ ಅವಳಿಗೆ ಕಷ್ಟವಾಯಿತು. ಆಮೇಲೆ ಕೂದಲ ಅಂಚಿನಿಂದ ಶುರುಮಾಡಿ, ಗಲ್ಲದ ಕೆಳಗೆ, ಕತ್ತಿಗೆ ಹಗ್ಗ ತಾಗುವ ಜಾಗದ ಮೇಲೆಯೇ ಕತ್ತರಿ ಆಡಿಸಿ ಮುಖವನ್ನು ಬಿಡಿಸಿಕೊಂಡಳು.

ಉಳಿದದ್ದನ್ನು ದಿನಪತ್ರಿಕೆಯಲ್ಲಿ ಮತ್ತೆ ಸುತ್ತಿ ತಂದು ಹೂಗಳ ಕೆಳಗೆ, ಅವನ ಎದೆಯ ಮೇಲೆ ಇಟ್ಟಳು. ಚಿತ್ರದಲ್ಲಿ ಈಗ ಮುಖವಿರಲಿಲ್ಲ. ಅವನು ಮುರಿದ ಮಾತನ್ನು ಅವಳೇ ಅವನ ಪರವಾಗಿ ನಡೆಸಿಕೊಟ್ಟಿದ್ದಳು.

"ಏನದು?" ಎಂದರು ಹೆಡ್‌ಮಾಸ್ತರರು ಮೆಲ್ಲನೆ.

"ಅಪ್ಪನ ಕೆಲಸ ಸರ್," ಎಂದ ಅಕಿಯೊ, ನೆಲ ನೋಡುತ್ತಾ. ಮುನಕಾತಾ ಆ ಸುರುಳಿಯನ್ನು ನೋಡಿದ, ಕಿನುವನ್ನು ನೋಡಿದ. ನೋಯುವ ಮಂಡಿ ಮಡಚಿ ನೆಲಕ್ಕೆ ಹಣೆ ಹಚ್ಚಿದ. ಮುಚ್ಚಳ ಬಿತ್ತು. ವಾಡಿಕೆಯಂತೆ ಒಬ್ಬೊಬ್ಬರಾಗಿ ಕಲ್ಲಿನಿಂದ ಮೊಳೆಗೆ ಎರಡೆರಡು ಪೆಟ್ಟು ಕೊಟ್ಟರು.

⁂

ಚಿತಾಗಾರದ ಹಜಾರದಲ್ಲಿ ಗಂಡಸರು ಒಂದು ಕಡೆ ಕುಳಿತು ಅಕ್ಕಿಯ ಸಾಕೆ ಮದ್ಯ ಕುಡಿಯುತ್ತಿದ್ದರು. ಹೆಡ್‌ಮಾಸ್ತರರು ಪಠ್ಯಪುಸ್ತಕಗಳ ಬಗ್ಗೆ ಹೇಳುತ್ತಿದ್ದರು. ಮುನಕಾತಾ ಹೌದು ಹೌದೆಂದು ತಲೆಯಾಡಿಸುತ್ತಿದ್ದ. ಮೂಲೆಯ ಬೆಂಚಿನಲ್ಲಿ ಹಾತ್ಸು ಕಿನುವಿಗೆ ಒತ್ತಿ ಕುಳಿತಳು.

"ತೋರ್ಸು."

ಕಿನು ನಡುಪಟ್ಟಿಯ ಮಡಿಕೆಯಿಂದ ಕರವಸ್ತ್ರ ತೆಗೆದು ಬಿಚ್ಚಿದಳು.

"ಎಷ್ಟು ಮುದುಕಿ ಮಾಡಿದಾನಲ್ಲೇ ನಿನ್ನ."

"ಮಾಡಿಲ್ಲ ಅತ್ತಿಗೆ. ನೋಡೇ ಬರೆದಿದ್ದಾರೆ."

"ಇಟ್ಕೊಂಡು ಏನ್ಮಾಡ್ತೀಯ?"

"ನನ್ನದೊಂದು ಒಳ್ಳೆ ಫೋಟೊ ಇಲ್ಲ. ನಾನು ಹೋದಾಗ ಊದುಬತ್ತಿ ಹಿಂದೆ ಇಡೋಕೆ ಇದೇ ಆಗತ್ತೆ. ಮುಖ ಅಷ್ಟೇ ತಾನೇ. ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತಾಗತ್ತೆ?"

"ಅಕಿಯೊ ಕೇಳಿದ್ರೆ?"

"ಇಲ್ಲಿತನಕ ಅವನು ಏನು ಕೇಳಿದಾನೆ?"

ಹಾತ್ಸು ಕನ್ನಡಕ ಏರಿಸಿ ಇನ್ನೂ ಹತ್ತಿರ ಬಗ್ಗಿದಳು. ಬಹಳ ಹೊತ್ತು ನೋಡಿ, ಬೆರಳು ಚಾಚಿ, "ಇಲ್ಲಿ," ಎಂದಳು.

ಗಲ್ಲದ ಕೆಳಗೆ, ಕತ್ತರಿಸಿದ ಅಂಚಿನಲ್ಲಿ, ಸೆಣಬಿನ ಬಣ್ಣದ ಒಂದೆಳೆ ಉಳಿದುಕೊಂಡಿತ್ತು. ಕಿನು ಬೆರಳನ್ನು ನಾಲಿಗೆಗೆ ತಾಗಿಸಿ ಉಜ್ಜಿದಳು. ಹೋಗಲಿಲ್ಲ. ಒಳಬಾಗಿಲಲ್ಲಿ ಸಿಬ್ಬಂದಿಯೊಬ್ಬ ಕಾಣಿಸಿಕೊಂಡು, ಅಸ್ಥಿ ಆರಿಸಲು ಬನ್ನಿ ಎಂದು ಮನೆತನದ ಹೆಸರು ಹಿಡಿದು ಕರೆದ. ಗಂಡಸರು ಬಟ್ಟಲು ಕೆಳಗಿಟ್ಟು ಎದ್ದರು, ಅಕಿಯೊ ತಾಯಿಯತ್ತ ಬಂದು ನಿಂತ. ಕಿನು ಇನ್ನೂ ಉಗುರಿನಿಂದ ಆ ಎಳೆಯನ್ನು ಕೆರೆಯುತ್ತಿದ್ದಳು. ಕಾಗದ ನವೆದು ಜುಂಗು ಏಳುತ್ತಿತ್ತು, ಹಗ್ಗ ಹಾಗೆಯೇ ಇತ್ತು.